ಮಿಕ್ಕ ಬೇಸಿಗೆ ತರಕಾರಿಯ ಸದುಪಯೋಗ

ಸಂಕ್ರಾಂತಿಯ ಹಿಂದೆಮುಂದೆ ಹಿತ್ತಲಿನಲ್ಲಿ ಊರಿದ ಹೀರೆ, ಹಾಗಲ, ಸೋರೆ, ಸೌತೆ, ಬೆಂಡೆ, ಗೋರಿಕಾಯಿಗಳು ಯುಗಾದಿ ಕಳೆಯುವ ಹೊತ್ತಿಗೆ ಕಾಯಿ ಬಿಡತೊಡಗುತ್ತವೆ. ಮೊದಲ ವಾರ ಮನೆಮಂದಿಯೆಲ್ಲ ಸಂತೋಷದಿಂದ ಉಣ್ಣುತ್ತಾರೆ. ಮೂರನೆಯ ವಾರಕ್ಕೆ "ಇವತ್ತೂ ಹೀರೇಕಾಯೇನಾ?" ಎಂದು ಮಕ್ಕಳು ತಟ್ಟೆ ಸರಿಸುತ್ತಾರೆ. ನೆರೆಯವರಿಗೆ ಕೊಡೋಣವೆಂದರೆ ಅವರ ಬೇಲಿಯ ಮೇಲೂ ಅದೇ ಬಳ್ಳಿ ಹಬ್ಬಿರುತ್ತದೆ. ಐದಾರು ಕಿಲೋ ಕಾಯಿಯನ್ನು ಸಂತೆಗೆ ಒಯ್ದರೆ ಬಸ್ ಚಾರ್ಜು ಕೂಡ ಗಿಟ್ಟುವುದಿಲ್ಲ. ಕೊನೆಗೆ ಅದು ಸೇರುವುದು ತಿಪ್ಪೆಯನ್ನು.

ಎರಡು ತಿಂಗಳು ಕಳೆದು ಜಡಿಮಳೆ ಹಿಡಿದಾಗ ಅದೇ ಮನೆಯವರು ಅದೇ ತರಕಾರಿಯನ್ನು ದುಡ್ಡು ಕೊಟ್ಟು ತರುವುದನ್ನು ನಾವು ಪ್ರತಿ ವರ್ಷ ನೋಡುತ್ತೇವೆ. 2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಪೆಟ್ಟಿಗೆಯ ಬೆಲೆ ಎರಡು ಸಾವಿರ ರೂಪಾಯಿ ದಾಟಿತ್ತು. ಬೇಸಿಗೆಯಲ್ಲಿ ನಾಲ್ಕು ದಿನ ಹಣ್ಣನ್ನು ಒಣಗಿಸಿ ಡಬ್ಬಿಗೆ ಹಾಕಿಟ್ಟುಕೊಂಡ ಮನೆಗೆ ಆ ಬೆಲೆಯ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ನೀರು ಹೊತ್ತು, ಗೊಬ್ಬರ ಹಾಕಿ ಬೆಳೆದದ್ದನ್ನು ಮಳೆಗಾಲದವರೆಗೆ ಉಳಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಇವುಗಳಲ್ಲಿ ಹೆಚ್ಚಿನವು ನಮ್ಮ ಅಜ್ಜಿಯರಿಗೆ ತಿಳಿದಿದ್ದವೇ. ಏಕೆ ಹಾಗೆ ಮಾಡಬೇಕೆಂಬುದನ್ನು ಮಾತ್ರ ನಾವು ಸೇರಿಸಿದ್ದೇವೆ.

ತರಕಾರಿ ಕೆಡುವುದೇಕೆ?

ಸೌತೆ, ಸೋರೆ, ಬೂದುಗುಂಬಳಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ನೀರು. ಟೊಮೆಟೊದಲ್ಲಿ ಸುಮಾರು 94, ಹಾಗಲದಲ್ಲಿ 92, ಬೆಂಡೆಯಲ್ಲಿ 90. ಗೋರಿಕಾಯಿಯಲ್ಲಿ ಮಾತ್ರ ಸುಮಾರು 81. ಈ ನೀರಿನ ಆಸರೆಯಲ್ಲಿ ಬೂಷ್ಟು ಮತ್ತು ಇತರ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅಲ್ಲದೆ ಕಾಯಿಯೊಳಗೇ ಇರುವ ಕಿಣ್ವಗಳು ಕೊಯ್ದ ಮೇಲೂ ಕೆಲಸ ಮಾಡುತ್ತಲೇ ಇದ್ದು ಬಣ್ಣ, ರುಚಿಗಳನ್ನು ಕೆಡಿಸುತ್ತವೆ. ಆದ್ದರಿಂದ ಉಳಿಸಿಕೊಳ್ಳುವ ದಾರಿ ಮೂರೇ: ತಂಪಿನಲ್ಲಿಟ್ಟು ಕೆಡುವುದನ್ನು ನಿಧಾನ ಮಾಡುವುದು, ನೀರನ್ನು ಹೊರಹಾಕುವುದು, ಇಲ್ಲವೇ ಉಪ್ಪು ಮತ್ತು ಹುಳಿಯಿಂದ ಸೂಕ್ಷ್ಮಜೀವಿಗಳನ್ನು ತಡೆಯುವುದು.

ಕೊಯ್ಲು

ಬೆಂಡೆ, ಗೋರಿಕಾಯಿ, ಹೀರೆಗಳನ್ನು ದಿನ ಬಿಟ್ಟು ದಿನ ಕೊಯ್ಯಬೇಕು. ತಿನ್ನುವವರಿಲ್ಲವೆಂದು ಬಳ್ಳಿಯಲ್ಲೇ ಬಿಟ್ಟರೆ ಕಾಯಿ ನಾರಾಗುವುದಲ್ಲದೆ, ಬೀಜ ಬಲಿಯತೊಡಗಿದೊಡನೆ ಗಿಡ ಹೊಸ ಕಾಯಿ ಹಿಡಿಯುವುದನ್ನು ಕಡಿಮೆ ಮಾಡುತ್ತದೆ. ಬೆಳಗಿನ ತಂಪಿನಲ್ಲಿ ಕೊಯ್ದು ಕೂಡಲೇ ನೆರಳಿಗೆ ತರಬೇಕು.

ಕೀಟನಾಶಕ ಸಿಂಪಡಿಸಿದ್ದಲ್ಲಿ ಡಬ್ಬಿಯ ಚೀಟಿಯಲ್ಲಿ ತಿಳಿಸಿದಷ್ಟು ದಿನ ಕಳೆಯದೆ ಕೊಯ್ಯಲೇಬಾರದು. ಒಣಗಿಸುವ ಕಾಯಿಗೆ ಈ ಮಾತು ಇನ್ನೂ ಮುಖ್ಯ. ಹತ್ತು ಕಿಲೋ ಹಾಗಲ ಒಣಗಿ ಒಂದು ಕಿಲೋಗಿಂತ ಕಡಿಮೆಯಾಗುವಾಗ ಹೋಗುವುದು ನೀರು. ಔಷಧದ ಶೇಷದಲ್ಲಿ ಬಹುಪಾಲು ಅಲ್ಲೇ ಉಳಿದುಬಿಡಬಹುದು.

ಕೆಲವು ದಿನ ಇಡಬೇಕಾದರೆ

ಬಲಿತ ಬೂದುಗುಂಬಳ ತೊಟ್ಟು ಮುರಿಯದೆ, ಮೇಲಿನ ಬೂದಿ ಅಳಿಸದೆ ಇದ್ದರೆ ಗಾಳಿಯಾಡುವ ಕಡೆ ತಿಂಗಳುಗಟ್ಟಲೆ ಕೆಡುವುದಿಲ್ಲ. ದಕ್ಷಿಣ ಕನ್ನಡದ ಮನೆಗಳಲ್ಲಿ ಬಲಿತ ಸಾಂಬಾರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ತೊಲೆಗೆ ತೂಗುಹಾಕುವುದು ಇದೇ ಕಾರಣಕ್ಕೆ. ನೆಲ ತಾಗದೆ, ಒಂದಕ್ಕೊಂದು ಒತ್ತದೆ ಇರುವುದರಿಂದ ಮಳೆಗಾಲದುದ್ದಕ್ಕೂ ಸಾರು ಹುಳಿಗೆ ಒದಗುತ್ತದೆ.

ಎಳೆಯ ಕಾಯಿಗಳಿಗೆ ಬಯಲುಸೀಮೆಯಲ್ಲಿ ಇಟ್ಟಿಗೆಯ ತಂಪು ಗೂಡು ಅನುಕೂಲ. ಕರೆಂಟು ಬೇಡ. ನೆರಳಿರುವ ಜಾಗದಲ್ಲಿ ಎರಡು ಸುತ್ತು ಇಟ್ಟಿಗೆಯ ಮೋಟುಗೋಡೆ ಎಬ್ಬಿಸಿ, ನಡುವೆ ಸುಮಾರು 7.5 ಸೆಂಟಿಮೀಟರ್ ಸಂದು ಬಿಟ್ಟು, ಅದಕ್ಕೆ ಮರಳು ತುಂಬಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು. ಮೇಲೆ ಒದ್ದೆ ಗೋಣಿ ಅಥವಾ ಹುಲ್ಲಿನ ತಡಿಕೆ ಮುಚ್ಚಬೇಕು. ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುವುದರಿಂದ ಗೂಡು ತಂಪಾಗಿರುತ್ತದೆ. ಒಣಹವೆಯಿರುವ ಕಡೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಕಾಯಿಯ ಮೇಲೆಯೇ ನೀರು ಚಿಮುಕಿಸಬಾರದು, ಮುಖ್ಯವಾಗಿ ಬೆಂಡೆಗೆ. ಅದು ಲೋಳೆಯಾಗಿ ಕಪ್ಪಾಗುತ್ತದೆ.

ಬಾಳಕ ಮತ್ತು ಒಣಗಿಸುವಿಕೆ

ಬೇಸಿಗೆಯ ಬಿಸಿಲಿನಂಥ ಪುಕ್ಕಟೆ ಒಲೆ ಬೇರೊಂದಿಲ್ಲ. ಆದರೆ ಬಿಸಿಲಿಗೆ ಹರವುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಗೋರಿಕಾಯಿ, ಹಾಗಲ, ಬದನೆಗಳನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆದು, ಕೂಡಲೇ ತಣ್ಣೀರಿಗೆ ಹಾಕಿ, ನೀರು ಬಸಿಯಬೇಕು. ಇದರಿಂದ ಕಿಣ್ವಗಳು ನಿಷ್ಕ್ರಿಯವಾಗುತ್ತವೆ. ಬಣ್ಣ ನಿಲ್ಲುತ್ತದೆ, ಒಣಗುವುದೂ ಬೇಗ. ಐದು ಲೀಟರ್ ನೀರಿಗೆ 100 ಗ್ರಾಂ ಉಪ್ಪು ಸಾಕು. ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಅದ್ದಿದರೆ ಎತ್ತುವುದು ಸುಲಭ. ಬೆಂಡೆಯನ್ನು ಹೀಗೆ ಅದ್ದುವುದು ಬೇಡ. ಲೋಳೆ ಬಿಡದಂತೆ ಒರೆಸಿ, ಬಿಲ್ಲೆ ಮಾಡಿ, ಹಸಿಯಾಗಿಯೇ ಒಣಗಿಸಬೇಕು.

ಬಿಲ್ಲೆಗಳು ಒಂದೇ ದಪ್ಪವಿರಲಿ, ಮೂರರಿಂದ ಐದು ಮಿಲಿಮೀಟರ್. ದಪ್ಪದ ತುಂಡು ಹೊರಗೆ ಗಟ್ಟಿಯಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಒಂದೇ ಪದರವಾಗಿ ಹರವಿ, ಹಳೆಯ ತೆಳು ಪಂಚೆ ಹೊದಿಸಿದರೆ ನೊಣ ಧೂಳುಗಳ ಕಾಟವಿಲ್ಲ. ಸಂಜೆಯಾಗುತ್ತಲೇ ಒಳಗೆ ತರಬೇಕು. ಇಲ್ಲವಾದರೆ ಹಗಲು ಹೋದ ತೇವವನ್ನು ರಾತ್ರಿಯ ಗಾಳಿಯಿಂದ ಮತ್ತೆ ಎಳೆದುಕೊಳ್ಳುತ್ತದೆ. ಸೊಪ್ಪುಗಳನ್ನು ಮಾತ್ರ ನೆರಳಿನಲ್ಲಿ ಒಣಗಿಸಬೇಕು. ನೇರ ಬಿಸಿಲಿನಲ್ಲಿ ಅವುಗಳ ಹಸಿರೂ ಕ್ಯಾರೋಟಿನ್ ಅಂಶವೂ ನಷ್ಟವಾಗುತ್ತವೆ.

ಹಾಗಲ ಮತ್ತು ಗೋರಿಕಾಯಿ ಬಾಳಕಕ್ಕೆ ಒಂದು ಕಿಲೋ ಕಾಯಿಗೆ ಒಂದು ಲೀಟರ್ ಹುಳಿ ಮಜ್ಜಿಗೆ, 75 ಗ್ರಾಂ ಉಪ್ಪು, ಸ್ವಲ್ಪ ಜೀರಿಗೆ ಪುಡಿ ಬೇಕು. ಅದ್ದಿ ಬಸಿದ ಕಾಯಿಯನ್ನು ರಾತ್ರಿ ಮಜ್ಜಿಗೆಯಲ್ಲಿ ನೆನೆಹಾಕಿ, ಬೆಳಿಗ್ಗೆ ತೆಗೆದು ಬಿಸಿಲಿಗಿಡಬೇಕು. ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಬೇಕು. ಮಜ್ಜಿಗೆಯೆಲ್ಲ ಹೀರಿಕೊಳ್ಳುವವರೆಗೆ, ಅಂದರೆ ಮೂರು ನಾಲ್ಕು ದಿನ, ಹೀಗೆ ನಡೆಸಿ ಆಮೇಲೆ ಗರಿಗರಿಯಾಗಿ ಒಣಗಿಸಬೇಕು. ಹಸಿಮೆಣಸಿನಕಾಯಿಗೂ ಇದೇ ಕ್ರಮ. ಆದರೆ ತೊಟ್ಟು ಉಳಿಸಿ ಬದಿಯಲ್ಲಿ ಸೀಳಿ, ಉಪ್ಪನ್ನು 100 ಗ್ರಾಂಗೆ ಏರಿಸಬೇಕು. ಮೆಣಸಿನಕಾಯಿಯನ್ನು ಕುದಿನೀರಿಗೆ ಅದ್ದುವ ಅಗತ್ಯವಿಲ್ಲ.

ಪಲ್ಯಕ್ಕೆ, ಹುಳಿಗೆ ಬೇಕೆಂದರೆ ಮಜ್ಜಿಗೆಯಿಲ್ಲದೆ ಬರಿದೇ ಒಣಗಿಸಿ, ಬೇಕಾದಾಗ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ ಬೇಯಿಸಬಹುದು. ಹತ್ತು ಕಿಲೋ ಗೋರಿಕಾಯಿಯಿಂದ ಸುಮಾರು ಎರಡು ಕಿಲೋ ಒಣಗಿದ್ದು ಸಿಕ್ಕರೆ, ಹಾಗಲದಿಂದ ಮುಕ್ಕಾಲು ಕಿಲೋಗಿಂತ ತುಸು ಹೆಚ್ಚು. ಶ್ರಮಕ್ಕೆ ಪ್ರತಿಫಲ ನೋಡುವವರು ಗೋರಿಕಾಯಿಯಿಂದ ಪ್ರಾರಂಭಿಸುವುದು ಮೇಲು. ಒಣಗಿಸಿದಾಗ ಸಿ ಜೀವಸತ್ವ ಬಹುಪಾಲು ಹೋಗುತ್ತದೆಂಬುದನ್ನು ಒಪ್ಪಿಕೊಳ್ಳಲೇಬೇಕು. ನಾರು, ಖನಿಜಾಂಶಗಳು ಉಳಿಯುತ್ತವೆ. ರಕ್ತದೊತ್ತಡವಿರುವವರು ಬಾಳಕವನ್ನು ರುಚಿಗಷ್ಟೇ ತಿನ್ನಬೇಕು.

ಒಣಗಿದೆಯೇ ಎಂದು ತಿಳಿಯುವುದು ಹೇಗೆ? ಮುರಿದರೆ ಲಟ್ಟೆನ್ನಬೇಕು, ಬಾಗಬಾರದು. ಅಷ್ಟನ್ನೇ ನಂಬಿ ಈ ಲೇಖಕಿ ಒಂದು ಬೇಸಿಗೆ ಗೋರಿಕಾಯಿಯನ್ನು ನೇರವಾಗಿ ತಗಡಿನ ಡಬ್ಬಿಗೆ ತುಂಬಿ ಮುಚ್ಚಿದ್ದಳು. ಆಷಾಢದಲ್ಲಿ ತೆರೆದಾಗ ಒಳಗೆಲ್ಲ ಹಸಿರು ಬೂಷ್ಟು. ಮೇಲಿನ ಕಾಯಿ ಮುರಿದು ನೋಡಿದ್ದೆನೇ ಹೊರತು ಗುಡ್ಡೆಯ ನಡುವಿನದನ್ನು ಮುಟ್ಟಿರಲಿಲ್ಲ. ಇಡೀ ಡಬ್ಬಿ ಗೊಬ್ಬರದ ಗುಂಡಿಗೆ ಹೋಯಿತು. ಬೂಷ್ಟು ಬಂದುದನ್ನು ಒರೆಸಿ, ಬಿಸಿಲಿಗೆ ಹಾಕಿ ಬಳಸುವುದು ಸಲ್ಲದು, ಬೂಷ್ಟಿನ ವಿಷ ಕಣ್ಣಿಗೆ ಕಾಣುವಲ್ಲಿ ಮಾತ್ರ ಇರುವುದಿಲ್ಲ. ಅಂದಿನಿಂದ ಅನುಸರಿಸುತ್ತಿರುವ ಪರೀಕ್ಷೆ ಇದು: ಒಣಗಿದ್ದನ್ನು ಆರಿಸಿ ಗಾಜಿನ ಬಾಟಲಿಯಲ್ಲಿ ಸಡಿಲವಾಗಿ ತುಂಬಿ ಮುಚ್ಚಿ, ಒಂದು ವಾರ ದಿನವೂ ಒಮ್ಮೆ ಅಲುಗಾಡಿಸಬೇಕು. ಬೆಳಿಗ್ಗೆ ಬಾಟಲಿಯ ಒಳಮೈಯಲ್ಲಿ ಬೆವರು ಕಂಡರೆ ಮತ್ತೆ ಬಿಸಿಲಿಗೆ ಹಾಕಬೇಕು. ಬೆವರದಿದ್ದರೆ ಮಾತ್ರ ಡಬ್ಬಿಗೆ.

ಬೂದುಗುಂಬಳದ ಸಂಡಿಗೆ

ಒಂದು ಕಿಲೋ ತುರಿಗೆ ಕಾಲು ಕಿಲೋ ಉದ್ದಿನಬೇಳೆ. ಬೇಳೆಯನ್ನು ನೆನೆಸಿ, ನೀರು ಸೋಕಿಸದಷ್ಟು ಗಟ್ಟಿಯಾಗಿ ರುಬ್ಬಬೇಕು. ತುರಿಯನ್ನು ಹಿಂಡಿ, ರುಬ್ಬಿದ ಹಸಿಮೆಣಸಿನಕಾಯಿ, ಇಂಗು, ಉಪ್ಪು ಸೇರಿಸಿ ಕಲಸಿ, ಹಾಳೆಯ ಮೇಲೆ ಸಣ್ಣ ಸಣ್ಣ ಉಂಡೆ ಇಟ್ಟು ನಾಲ್ಕು ದಿನ ಒಣಗಿಸಬೇಕು. ಒಣಗಿದ ಮೇಲೆ ಉಪ್ಪು ಮುಂದಾಗುವುದರಿಂದ ಕಲಸುವಾಗ ರುಚಿಗಿಂತ ಒಂದು ಕೈ ಕಡಿಮೆಯೇ ಇರಲಿ. ಬೇಳೆಗೆ ಬದಲು ನೆನೆಸಿ ಹಿಂಡಿದ ಭತ್ತದ ಅರಳು ಹಾಕಿದರೆ ಅರಳು ಸಂಡಿಗೆ. ಹಿಂಡಿದ ನೀರನ್ನು ಚೆಲ್ಲದೆ ರೊಟ್ಟಿಯ ಹಿಟ್ಟು ಕಲಸಲು ಬಳಸಬಹುದು.

ಟೊಮೆಟೊ

ಗಟ್ಟಿ ತಿರುಳಿನ ಹಣ್ಣನ್ನು ಎರಡು ಹೋಳು ಮಾಡಿ, ಕೊಯ್ದ ಮೈಗೆ ಉಪ್ಪು ಉದುರಿಸಿ, ನಾಲ್ಕೈದು ದಿನ ಒಣಗಿಸಬೇಕು. ಹತ್ತು ಕಿಲೋಗೆ ಏಳುನೂರು ಗ್ರಾಂ ಬಂದರೆ ಸರಿಯಾಗಿದೆ ಎಂದರ್ಥ. ಪುಡಿ ಮಾಡಿಟ್ಟರೆ ಒಂದು ಚಮಚ ಸಾರಿಗೆ ಸಾಕು.

ತೊಕ್ಕಿಗೆ ಐದು ಕಿಲೋ ಹಣ್ಣು, ಕಾಲು ಕಿಲೋ ಹುಣಸೆಹಣ್ಣು, 200 ಗ್ರಾಂ ಉಪ್ಪು, 200 ಗ್ರಾಂ ಅಚ್ಚಮೆಣಸಿನ ಪುಡಿ, ಅರ್ಧ ಲೀಟರ್ ಎಣ್ಣೆ, ಹುರಿದು ಪುಡಿಮಾಡಿದ ಮೆಂತ್ಯ ಎರಡು ಚಮಚ, ಒಗ್ಗರಣೆಗೆ ಸಾಸಿವೆ, ಇಂಗು. ಹಣ್ಣನ್ನು ಕುದಿನೀರಿನಲ್ಲಿ ಒಂದು ನಿಮಿಷ ಇಟ್ಟರೆ ಸಿಪ್ಪೆ ಸುಲಭವಾಗಿ ಬಿಡುತ್ತದೆ. ಹುಣಸೆಯೊಡನೆ ಮೂರನೆಯ ಒಂದು ಭಾಗಕ್ಕೆ ಇಳಿಯುವವರೆಗೆ ಬತ್ತಿಸಿ, ಉಪ್ಪು, ಖಾರ, ಒಗ್ಗರಣೆ ಸೇರಿಸಿ, ಎಣ್ಣೆ ಬಿಡುವವರೆಗೆ ಕೈಯಾಡಿಸಬೇಕು. ಹುಣಸೆಹಣ್ಣನ್ನು ರುಚಿಗೆ ಮಾತ್ರವೆಂದು ಬಗೆದು ಕಡಿಮೆ ಮಾಡಬಾರದು. ಈಗಿನ ಹಣ್ಣುಗಳಲ್ಲಿ ಹುಳಿ ಒಂದೇ ಸಮನಿರುವುದಿಲ್ಲ, ತೊಕ್ಕು ಕೆಡದಂತೆ ಕಾಯುವುದು ಆ ಹುಳಿಯೇ. ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆ ಪಾತ್ರೆ ಸಲ್ಲದು, ಸ್ಟೀಲು ಬಳಸಬೇಕು. ಬಾಟಲಿಗಳನ್ನು 20 ನಿಮಿಷ ನೀರಿನಲ್ಲಿ ಕುದಿಸಿ, ಒಣಗಿಸಿ, ಬಿಸಿಯಿರುವಾಗಲೇ ತುಂಬಿ, ಮೇಲೆ ಒಂದು ಬೆರಳು ಎಣ್ಣೆ ನಿಲ್ಲಿಸಬೇಕು. ಮನೆ ಬಳಕೆಗೆ ರಾಸಾಯನಿಕ ಸಂರಕ್ಷಕದ ಅಗತ್ಯ ಕಾಣುವುದಿಲ್ಲ. ಮಾರುವ ಉದ್ದೇಶವಿರುವ ಮಹಿಳಾ ಸಂಘಗಳು ಮಾತ್ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರಂತೆ ಮೊದಲು ನೋಂದಣಿ ಮಾಡಿಸಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿ ಪಡೆಯಬೇಕು.

ಪ್ರಾಣಕ್ಕೆ ಸಂಬಂಧಿಸಿದ ಎರಡು ಎಚ್ಚರಿಕೆಗಳು

ಟೊಮೆಟೊ ಬಾಟಲಿಯಲ್ಲಿ ಉಳಿಯಿತೆಂದು ಬೀನ್ಸ್, ಬೆಂಡೆ, ಗೋರಿಕಾಯಿಗಳನ್ನೂ ಬೇಯಿಸಿ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿಡುವ ಪ್ರಯೋಗ ಬೇಡ. ಹುಳಿಯಿಲ್ಲದ ಈ ತರಕಾರಿಗಳಲ್ಲಿ, ಗಾಳಿಯಿಲ್ಲದ ಕಡೆ, ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಸೂಕ್ಷ್ಮಜೀವಿ ಬೆಳೆದು ಮಾರಕ ವಿಷ ಉತ್ಪತ್ತಿ ಮಾಡಬಲ್ಲದು. ಇದರ ಬೀಜಾಣುಗಳು ಕುದಿನೀರಿಗೆ ಸಾಯುವುದಿಲ್ಲ. ಕಾರ್ಖಾನೆಗಳಲ್ಲಿ ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುವುದು ಅದಕ್ಕಾಗಿ. ಮನೆಯ ಕುಕ್ಕರ್ ಈ ಕೆಲಸಕ್ಕಾಗಿ ತಯಾರಿಸಿದ್ದಲ್ಲ. ವಿಷವಿದ್ದರೂ ವಾಸನೆ, ಬಣ್ಣಗಳು ಬದಲಾಗದೆ ಇರಬಹುದು. ಇಂಥ ತರಕಾರಿಗೆ ಒಣಗಿಸುವುದೇ ದಾರಿ.

ಎರಡನೆಯದು ಕಹಿ ಸೋರೆಕಾಯಿ. ನೀರು ಸಾಲದೆ, ಬಿಸಿಲಿಗೆ ಸೊರಗಿದ ಬಳ್ಳಿಯ ಸೋರೆ, ಸೌತೆಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಸ್ತು ಹೆಚ್ಚಾಗಬಹುದು. ಬೇಯಿಸಿದರೂ ಅದು ಹೋಗುವುದೆಂದು ನಂಬುವಂತಿಲ್ಲ. ಕಹಿ ಸೋರೆಯ ರಸ ಕುಡಿದು ವಾಂತಿ, ರಕ್ತಭೇದಿಯಾಗಿ ಪ್ರಾಣ ಹೋದ ಪ್ರಕರಣಗಳು ನಮ್ಮ ದೇಶದಲ್ಲಿ ವರದಿಯಾಗಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೂ ಈ ಬಗ್ಗೆ ಎಚ್ಚರಿಸಿದೆ. ಹೆಚ್ಚುವ ಮೊದಲು ಪ್ರತಿ ಕಾಯಿಯಿಂದಲೂ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ, ಕಹಿಯೆನಿಸಿದರೆ ಉಗುಳಿ ಕಾಯಿಯನ್ನು ಎಸೆಯಬೇಕು. ದನಕ್ಕೂ ಹಾಕಬಾರದು. ಸಹಜವಾಗಿಯೇ ಕಹಿಯಿರುವ ಹಾಗಲದ ವಿಷಯ ಬೇರೆ.

ಅಂದಂದಿನ ಅಡಿಗೆ

ಕಹಿಯಿಲ್ಲದ ಎಳೆಯ ಸೋರೆಯನ್ನು ತುರಿದು ರಾಗಿಹಿಟ್ಟಿಗೆ ಸೇರಿಸಿ ತಟ್ಟಿದರೆ ಒಂದು ಹೊತ್ತಿನ ರೊಟ್ಟಿಗೆ ಒಂದು ಕಾಯಿ ಖರ್ಚಾಗುತ್ತದೆ, ನೀರು ಬೆರೆಸಬೇಕಾಗಿಲ್ಲ. ಸೌತೆ ತುರಿದು ಅಕ್ಕಿಯೊಡನೆ ರುಬ್ಬಿದ ತೆಳ್ಳೇವು ಉತ್ತರ ಕನ್ನಡದಲ್ಲಿ ಪ್ರಸಿದ್ಧ. ಹೀರೇಕಾಯಿ ಸಿಪ್ಪೆಯ ಚಟ್ನಿಯನ್ನು ಹೇಳಿಕೊಡಬೇಕಾಗಿಲ್ಲ.

ಕೈಮೀರಿ ಬಲಿತವು

ಎಲೆ ಮರೆಯಲ್ಲಿ ಕಾಣದೆ ಬಲಿತ ಹೀರೆಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟರೆ ಮೈತಿಕ್ಕುವ ನಾರು ಮತ್ತು ಬೀಜ ಎರಡೂ ದೊರೆಯುತ್ತವೆ. ನಾಟಿ ತಳಿಯಾದರೆ ಬೀಜವನ್ನು ಬೂದಿಯಲ್ಲಿ ಬೆರೆಸಿ ಮುಂದಿನ ಬಿತ್ತನೆಗೆ ಇಡಬಹುದು. ಸಂಕರಣ ತಳಿಯ ಬೀಜ ಎತ್ತಿಡುವುದು ವ್ಯರ್ಥ, ಮುಂದಿನ ಬಳ್ಳಿ ತಾಯಿಯಂತಿರುವುದಿಲ್ಲ. ಕಹಿ ಕಾಯಿ ಬಿಟ್ಟ ಬಳ್ಳಿಯಿಂದ ಯಾವ ಕಾರಣಕ್ಕೂ ಬೀಜ ತೆಗೆಯಬಾರದು.

ಒಣಗಿಸಿಟ್ಟ ಡಬ್ಬಿಗಳ ಮೇಲೆ ಹೆಸರು, ತಿಂಗಳು ಬರೆದು ಅಂಟಿಸಿ, ಗೋಡೆಗೆ ತಾಗದಂತೆ ಹಲಗೆಯ ಮೇಲಿಡಬೇಕು. ಮಳೆಗಾಲದಲ್ಲಿ ನಾಲ್ಕು ಗಂಟೆ ಬಿಸಿಲು ಬಿದ್ದ ದಿನ ಸಂಡಿಗೆ ಬಾಳಕಗಳನ್ನು ಹೊರಗೆ ಹರವಿ, ಆರಿದ ಮೇಲೆ ಮತ್ತೆ ತುಂಬಬೇಕು. ಬಿಸಿಯಾಗಿಯೇ ತುಂಬಿದರೆ ಡಬ್ಬಿ ಬೆವರುತ್ತದೆ.