ಬಳಸಿದ ಡಿಜಿಟಲ್ ಕ್ಯಾಮರಾ: ಕೊಳ್ಳುವ ಮುನ್ನ ಪರೀಕ್ಷಿಸುವ ಬಗೆ

ಹೊಸ ಡಿಜಿಟಲ್ ಕ್ಯಾಮರಾವನ್ನು ಕೊಳ್ಳುವಷ್ಟು ಹಣ ವಿದ್ಯಾರ್ಥಿಗಳ ಕೈಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ವಿದ್ಯಾರ್ಥಿವೇತನದಲ್ಲಿ ಉಳಿಸಿದ್ದು, ಹಬ್ಬಕ್ಕೆ ಅಜ್ಜಿ ಕೊಟ್ಟದ್ದು, ರಜೆಯಲ್ಲಿ ದುಡಿದದ್ದು ಎಲ್ಲವೂ ಕೂಡಿ ಹತ್ತು ಹದಿನೈದು ಸಾವಿರ ರೂಪಾಯಿ ಆದೀತು. ಅಷ್ಟರೊಳಗೆ, ಇನ್ನೊಬ್ಬರು ಬಳಸಿ ಬಿಟ್ಟ ಒಳ್ಳೆಯ ಕ್ಯಾಮರಾ ದೊರೆಯುವುದುಂಟು. ಅಷ್ಟೇ ಹಣಕ್ಕೆ ಕೆಟ್ಟ ಕ್ಯಾಮರಾ ಗಂಟುಬೀಳುವುದೂ ಉಂಟು. ಮೇಲ್ನೋಟಕ್ಕೆ ಎರಡೂ ಒಂದೇ ತೆರನಾಗಿ ಹೊಳೆಯುತ್ತಿರುತ್ತವೆ. ಕ್ಯಾಮರಾದ ಯಾವ ಅಂಗ ಕಾಲಕ್ರಮದಲ್ಲಿ ಸವೆಯುತ್ತದೆ, ಯಾವುದು ಸವೆಯುವುದಿಲ್ಲ ಎಂಬುದನ್ನು ತಿಳಿದವರಿಗೆ ಇವೆರಡರ ಭೇದ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಇದಕ್ಕೆ ಬೇಕಾದುದು ಪದವಿಪೂರ್ವ ತರಗತಿಯ ಭೌತಶಾಸ್ತ್ರ, ಒಂದು ಟಾರ್ಚು ಮತ್ತು ಸ್ವಲ್ಪ ತಾಳ್ಮೆ.

ಜೇಬಿನಲ್ಲಿ ಮೊಬೈಲ್ ಫೋನ್ ಇರುವಾಗ ಬೇರೆ ಕ್ಯಾಮರಾ ಏತಕ್ಕೆ ಎಂದು ಕೆಲವರು ಕೇಳಬಹುದು. ಚಲನಚಿತ್ರ ತೆಗೆಯುವುದೇ ಉದ್ದೇಶವಾಗಿದ್ದರೆ ಈ ಮಾತು ಬಹುಮಟ್ಟಿಗೆ ನಿಜ; ಹಳೆಯ ಕ್ಯಾಮರಾ ಅದರಲ್ಲಿ ಫೋನಿಗೆ ಸೋಲುತ್ತದೆ. ಆದರೆ ಬೆಳಕನ್ನು ಅಳೆಯುವುದು, ಮಸೂರವನ್ನು ಬದಲಿಸುವುದು, ಷಟರಿನ ವೇಗವನ್ನು ತಾನೇ ಗೊತ್ತುಮಾಡುವುದು ಮುಂತಾದವನ್ನು ಕೈಯಾರೆ ಮಾಡಿ ಕಲಿಯಬೇಕೆನ್ನುವವರಿಗೆ ಮಸೂರ ಕಳಚಬಲ್ಲ ಕ್ಯಾಮರಾವೇ ತಕ್ಕ ಉಪಕರಣ. ಕನ್ನಡಿಯಿಲ್ಲದ ಕ್ಯಾಮರಾಗಳು ಬಂದ ಮೇಲೆ ವೃತ್ತಿನಿರತರು ಅವುಗಳ ಕಡೆಗೆ ತಿರುಗಿದುದರಿಂದ, ಕನ್ನಡಿಯುಳ್ಳ ಡಿಎಸ್ಸೆಲ್ಲಾರ್ ಕ್ಯಾಮರಾಗಳ ಬೆಲೆ ಬಹಳ ಇಳಿದಿದೆ. ಈ ಇಳಿಕೆಗೆ ಮಾರುಕಟ್ಟೆಯ ರುಚಿ ಬದಲಾದುದು ಮುಖ್ಯ ಕಾರಣವೇ ಹೊರತು, ಆ ಕ್ಯಾಮರಾಗಳು ತೆಗೆಯುವ ಚಿತ್ರ ಕೆಟ್ಟಿತೆಂಬುದಲ್ಲ.

ಮೊದಲು ಕ್ಯಾಮರಾದ ಹೃದಯವಾದ ಸಂವೇದಕವನ್ನು ನೋಡೋಣ. ಸಿಲಿಕಾನ್ ತುಣುಕಿನ ಮೇಲೆ ಬೆಳಕು ಬಿದ್ದಾಗ ಅಲ್ಲಿ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಲಕ್ಷಾಂತರ ಸಣ್ಣ ಕುಣಿಗಳಲ್ಲಿ ಅವನ್ನು ಕೂಡಿಹಾಕಿ ಎಣಿಸುವುದೇ ಡಿಜಿಟಲ್ ಛಾಯಾಗ್ರಹಣದ ಮೂಲತತ್ತ್ವ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬುವರು ೧೯೬೯ರಲ್ಲಿ ಕಂಡುಹಿಡಿದ ಸಿಸಿಡಿ ಎಂಬ ಸಾಧನಕ್ಕಾಗಿ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಿಕ ದೊರೆಯಿತು. ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ೧೯೭೫ರಲ್ಲಿ ಇಂಥ ಸಾಧನವನ್ನು ಬಳಸಿ ಕಟ್ಟಿದ ಕ್ಯಾಮರಾದಲ್ಲಿ ಇದ್ದುದು ಕೇವಲ ಹತ್ತು ಸಾವಿರ ಚಿತ್ರಕಣಗಳು; ಒಂದು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು ೨೩ ಸೆಕೆಂಡುಗಳು ಬೇಕಾಗಿದ್ದವು. ಇಂದು ಕೋಟಿಗಟ್ಟಲೆ ಚಿತ್ರಕಣಗಳು ಸಾಮಾನ್ಯ. ಹತ್ತು ಲಕ್ಷ ಚಿತ್ರಕಣಗಳಿಗೆ ಒಂದು ಮೆಗಾಪಿಕ್ಸೆಲ್ ಎಂದು ಲೆಕ್ಕ.

ಅಂಗಡಿಯವರು ಮೊದಲು ಹೇಳುವುದು ಈ ಮೆಗಾಪಿಕ್ಸೆಲ್ಲಿನ ಸಂಖ್ಯೆಯನ್ನೇ. ನಾವು ಕಟ್ಟಕಡೆಗೆ ಕೇಳತಕ್ಕದ್ದೂ ಅದನ್ನೇ. ಏಕೆಂದರೆ ಚಿತ್ರದ ಗುಣವನ್ನು ನಿರ್ಣಯಿಸುವುದು ಕುಣಿಗಳ ಸಂಖ್ಯೆಗಿಂತ ಹೆಚ್ಚಾಗಿ ಬೆಳಕು ಹಿಡಿಯುವ ವಿಸ್ತಾರ. ಅಂಗಳದಲ್ಲಿ ಮಳೆ ಸುರಿಯುವಾಗ ಒಂದು ಅಗಲವಾದ ಕೊಳಗವನ್ನೂ ಒಂದು ಲೋಟವನ್ನೂ ಇಟ್ಟರೆ ಯಾವುದರಲ್ಲಿ ಹೆಚ್ಚು ಹನಿ ಬೀಳುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಬೆಳಕೂ ಹನಿಹನಿಯಾಗಿಯೇ ಬರುತ್ತದೆ. ಆ ಹನಿಗಳಿಗೆ ಫೋಟಾನ್ ಎಂದು ಹೆಸರು. ಅವು ಬೀಳುವುದರಲ್ಲಿ ಸ್ವಾಭಾವಿಕವಾದ ಏರಿಳಿತವಿದೆ. ಸರಾಸರಿ ಹತ್ತು ಸಾವಿರ ಎಲೆಕ್ಟ್ರಾನುಗಳು ಸೇರುವ ಕುಣಿಯಲ್ಲಿ ಈ ಏರಿಳಿತ ಅದರ ವರ್ಗಮೂಲವಾದ ನೂರು, ಅಂದರೆ ಶೇಕಡಾ ಒಂದು. ನಾನೂರು ಮಾತ್ರ ಸೇರಿದಲ್ಲಿ ಏರಿಳಿತ ಇಪ್ಪತ್ತು, ಅಂದರೆ ಶೇಕಡಾ ಐದು. ಮಬ್ಬು ಬೆಳಕಿನ ಚಿತ್ರಗಳಲ್ಲಿ ಕಾಣುವ ಮರಳು ಚೆಲ್ಲಿದಂಥ ಕಾಳುಕಾಳಾದ ತೋರಿಕೆಗೆ ಇದೇ ಮುಖ್ಯ ಕಾರಣ. ಇಂಜಿನಿಯರುಗಳು ಇದನ್ನು ನಾಯ್ಸ್ ಎನ್ನುತ್ತಾರೆ. ನಾವು ಗದ್ದಲ ಎನ್ನೋಣ.

ಉದಾಹರಣೆಗೆ ೨೦೦೮ರಲ್ಲಿ ಹೊರಬಂದ ನೈಕಾನ್ ಡಿ೯೦ ಎಂಬ ಕ್ಯಾಮರಾವನ್ನು ತೆಗೆದುಕೊಳ್ಳೋಣ. ಡಿಎಸ್ಸೆಲ್ಲಾರ್‌ಗಳ ಪೈಕಿ ಚಲನಚಿತ್ರವನ್ನೂ ತೆಗೆಯಬಲ್ಲ ಮೊದಲನೆಯದೆಂಬ ಖ್ಯಾತಿ ಇದರದು. ಇದರ ಸಂವೇದಕದ ಅಗಲ ೨೩.೬ ಮಿಲಿಮೀಟರ್, ಆ ಅಗಲದಲ್ಲಿ ೪೨೮೮ ಚಿತ್ರಕಣಗಳಿವೆ. ಭಾಗಿಸಿದರೆ ಒಂದೊಂದರ ಅಗಲ ೫.೫ ಮೈಕ್ರಾನ್. ಜೇಬಿನಲ್ಲಿಡುವ ೨೦ ಮೆಗಾಪಿಕ್ಸೆಲ್ಲಿನ ಚಿಕ್ಕ ಕ್ಯಾಮರಾಗಳಲ್ಲಿ ಈ ಅಗಲ ಸುಮಾರು ೧.೨ ಮೈಕ್ರಾನ್ ಮಾತ್ರ. ವಿಸ್ತಾರದ ಲೆಕ್ಕದಲ್ಲಿ ಮೊದಲನೆಯದು ಎರಡನೆಯದರ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ಡಿ೯೦ರಲ್ಲಿರುವುದು ೧೨ ಮೆಗಾಪಿಕ್ಸೆಲ್ ಮಾತ್ರ ಎಂದು ಮೂಗು ಮುರಿಯುವವರು ಇನ್ನೊಂದು ಲೆಕ್ಕವನ್ನೂ ಮಾಡಬೇಕು. ಅಂಗುಲಕ್ಕೆ ೩೦೦ ಚುಕ್ಕೆಗಳಂತೆ ಮುದ್ರಿಸಿದರೆ ಆ ಚಿತ್ರ ೧೪ ಅಂಗುಲ ಅಗಲ, ೯ ಅಂಗುಲ ಎತ್ತರವನ್ನು ಮೀರುತ್ತದೆ. ಕಾಲೇಜಿನ ಪ್ರದರ್ಶನದ ಗೋಡೆಗೆ ಅದು ಧಾರಾಳವಾಗಿ ಸಾಕು.

ಸಂವೇದಕದಲ್ಲಿ ಚಲಿಸುವ ಭಾಗಗಳಿಲ್ಲ. ಆದಕಾರಣ ಅದು ಬಳಕೆಯಿಂದ ಸವೆಯುವುದು ಅತ್ಯಲ್ಪ. ಸವೆಯುವುದು ಷಟರು. ಸಂವೇದಕದ ಮುಂದೆ ಎರಡು ತೆರೆಗಳಿರುತ್ತವೆ. ಮೊದಲನೆಯದು ಸರಿದು ಬೆಳಕಿಗೆ ದಾರಿ ಬಿಡುತ್ತದೆ. ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ಸೆಕೆಂಡಿನ ನಾಲ್ಕು ಸಾವಿರದ ಒಂದು ಭಾಗದಷ್ಟು ಕಿರಿದಾದ ಕಾಲದಲ್ಲಿ ಸಂವೇದಕ ಪೂರ್ತಿಯಾಗಿ ತೆರೆದುಕೊಳ್ಳುವುದೇ ಇಲ್ಲ. ತೆರೆಗಳ ನಡುವಣ ಸಂದು ಮಾತ್ರ ಅದರ ಮೇಲೆ ಹಾದುಹೋಗುತ್ತದೆ. ಹದಿನಾರು ಮಿಲಿಮೀಟರ್ ಎತ್ತರವನ್ನು ತೆರೆ ಸುಮಾರು ಸೆಕೆಂಡಿನ ೨೫೦ರ ಒಂದು ಭಾಗದಲ್ಲಿ ದಾಟುತ್ತದೆಂದು ಇಟ್ಟುಕೊಂಡರೆ, ಆ ಸಂದಿನ ಅಗಲ ಕೇವಲ ಒಂದು ಮಿಲಿಮೀಟರ್ ಎಂದು ವಾಚಕರೇ ಗುಣಿಸಿ ನೋಡಬಹುದು. ಇಷ್ಟು ಸೂಕ್ಷ್ಮವಾದ ಯಂತ್ರ ಪ್ರತಿ ಚಿತ್ರಕ್ಕೂ ಒಮ್ಮೆ ಓಡಿ ತಟಕ್ಕನೆ ನಿಲ್ಲುತ್ತದೆ.

ಡಿ೯೦ರ ಷಟರನ್ನು ತಯಾರಕರು ಒಂದು ಲಕ್ಷ ಸಲ ಓಡಿಸಿ ಪರೀಕ್ಷಿಸಿದ್ದಾರೆ. ಒಂದು ಲಕ್ಷ ಮುಗಿದೊಡನೆ ಅದು ಮುರಿಯುವುದೆಂದೇನೂ ಅಲ್ಲ. ಎರಡು ಲಕ್ಷ ದಾಟಿದವೂ ಇರಬಹುದು, ಐವತ್ತು ಸಾವಿರಕ್ಕೇ ಕೈಕೊಟ್ಟವೂ ಇರಬಹುದು. ಆದರೂ ಇದೊಂದು ಉಪಯುಕ್ತವಾದ ಅಳತೆಗೋಲು. ಮದುವೆಯೊಂದಕ್ಕೆ ಎರಡು ಸಾವಿರ ಚಿತ್ರ ತೆಗೆಯುವ ಛಾಯಾಗ್ರಾಹಕ ಐವತ್ತು ಮದುವೆಗಳಲ್ಲಿ ಒಂದು ಲಕ್ಷವನ್ನು ಮುಟ್ಟುತ್ತಾನೆ. ವರ್ಷಕ್ಕೊಮ್ಮೆ ಪ್ರವಾಸ ಹೋಗಿ ಐನೂರು ಚಿತ್ರ ತೆಗೆಯುವ ಗೃಹಸ್ಥ ತನ್ನ ಜೀವಮಾನದಲ್ಲಿ ಮುಟ್ಟಲಾರ. ಆದ್ದರಿಂದ ಕ್ಯಾಮರಾದ ವಯಸ್ಸನ್ನು ವರ್ಷಗಳಲ್ಲಿ ಕೇಳಿದರೆ ಅರ್ಧ ಉತ್ತರ ಮಾತ್ರ ಸಿಕ್ಕುತ್ತದೆ.

ಈ ಎಣಿಕೆಯನ್ನು ತಿಳಿಯುವ ಉಪಾಯವಿದೆ. ಪ್ರತಿ ಚಿತ್ರದ ಕಡತದೊಳಗೆ ಎಕ್ಸಿಫ್ ಎಂಬ ಗುಪ್ತ ಟಿಪ್ಪಣಿಯೊಂದು ಸೇರಿರುತ್ತದೆ. ನೈಕಾನ್ ಮತ್ತು ಪೆಂಟ್ಯಾಕ್ಸ್ ಡಿಎಸ್ಸೆಲ್ಲಾರ್‌ಗಳು ಸಾಮಾನ್ಯವಾಗಿ ಅದರಲ್ಲಿಯೇ ಷಟರಿನ ಎಣಿಕೆಯನ್ನು ಬರೆದಿಡುತ್ತವೆ. ಸ್ಥಳದಲ್ಲಿಯೇ ಒಂದು ಚಿತ್ರ ತೆಗೆದು, ತಿದ್ದದೆ, ಆ ಕಡತವನ್ನು ಎಕ್ಸಿಫ್ ಓದುವ ಪುಕ್ಕಟೆ ತಂತ್ರಾಂಶದಲ್ಲಿ ತೆರೆದರೆ ಸಂಖ್ಯೆ ಕಾಣುತ್ತದೆ. ವಾಟ್ಸ್ಆ್ಯಪ್ಪಿನಲ್ಲಿ ಕಳಿಸಿದ ಚಿತ್ರ ಪ್ರಯೋಜನವಿಲ್ಲ. ದಾರಿಯಲ್ಲಿ ಟಿಪ್ಪಣಿ ಅಳಿಸಿಹೋಗಿರುತ್ತದೆ. ಕ್ಯಾನನ್ನಿನ ಅನೇಕ ಮಾದರಿಗಳು ಈ ಎಣಿಕೆಯನ್ನು ಚಿತ್ರದಲ್ಲಿ ಬರೆಯುವುದಿಲ್ಲ. ಅವನ್ನು ತಂತಿಯ ಮೂಲಕ ಕಂಪ್ಯೂಟರಿಗೆ ಜೋಡಿಸಿ ತಕ್ಕ ತಂತ್ರಾಂಶದಿಂದ ಓದಬೇಕಾಗುತ್ತದೆ. ಎಣಿಕೆ ಏನೇ ಇರಲಿ, ಅತ್ಯಂತ ಹೆಚ್ಚಿನ ವೇಗದಲ್ಲಿ ಬಿಳಿಯ ಗೋಡೆಯ ಹತ್ತು ಚಿತ್ರ ತೆಗೆದು ನೋಡತಕ್ಕದ್ದು. ಯಾವುದಾದರೂ ಒಂದರಲ್ಲಿ ಕಪ್ಪು ಪಟ್ಟಿ ಕಂಡರೆ, ಅಥವಾ ಬೆಳಕು ಒಂದು ಅಂಚಿನಿಂದ ಇನ್ನೊಂದಕ್ಕೆ ಎದ್ದುಕಾಣುವಂತೆ ಕುಗ್ಗಿದ್ದರೆ, ತೆರೆಗಳ ಓಟ ತಪ್ಪುತ್ತಿದೆಯೆಂದು ಅರ್ಥ. ಗೋಡೆಗೆ ಬಿಸಿಲಿನ ಬೆಳಕಿರಲಿ. ಎಲ್‌ಇಡಿ ದೀಪಗಳ ಮಿನುಗು ತಾನೇ ಪಟ್ಟಿಗಳನ್ನು ಮೂಡಿಸಿ ಮೋಸಗೊಳಿಸುವುದುಂಟು.

ಇನ್ನು ಎರಡು ಪರೀಕ್ಷೆಗಳು. ಮಸೂರಕ್ಕೆ ಮುಚ್ಚಳ ಹಾಕಿ ೩೦ ಸೆಕೆಂಡುಗಳ ಚಿತ್ರ ತೆಗೆಯಬೇಕು. ಕತ್ತಲೆಯ ಚಿತ್ರ ಕಪ್ಪಾಗಿರಬೇಕಷ್ಟೆ. ಆದರೆ ಅಲ್ಲಲ್ಲಿ ಕೆಂಪು, ನೀಲಿ, ಬಿಳಿ ಚುಕ್ಕೆಗಳು ಕಾಣುತ್ತವೆ. ಬೆಳಕಿಲ್ಲದಿದ್ದರೂ ಶಾಖದಿಂದಲೇ ಕೆಲವು ಎಲೆಕ್ಟ್ರಾನುಗಳು ಬಿಡುಗಡೆಯಾಗುವುದು ಇದಕ್ಕೆ ಕಾರಣ. ವರ್ಷಗಳು ಕಳೆದಂತೆ ಇಂಥ ಚುಕ್ಕೆಗಳು ಹೆಚ್ಚುತ್ತವೆ. ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳ ಪೆಟ್ಟಿನಿಂದ ಸಿಲಿಕಾನಿನ ರಚನೆಯಲ್ಲಿ ಗಾಯಗಳಾಗುವುದೇ ಇದರ ಹಿನ್ನೆಲೆ. ಬಳಸದೆ ಬೀರುವಿನಲ್ಲಿಟ್ಟ ಕ್ಯಾಮರಾಕ್ಕೂ ಈ ಪೆಟ್ಟು ತಪ್ಪಿದ್ದಲ್ಲ! ಹತ್ತಿಪ್ಪತ್ತು ಚುಕ್ಕೆಗಳಿಗೆ ಅಂಜಬೇಕಾಗಿಲ್ಲ. ಒಂದು ಇಡೀ ಸಾಲು ಬೆಳಗುತ್ತಿದ್ದರೆ ಬಿಟ್ಟುಬಿಡುವುದು ಲೇಸು. ಈ ಪರೀಕ್ಷೆಗೆ ಮುನ್ನ ದೀರ್ಘಕಾಲದ ಚಿತ್ರಗಳ ಗದ್ದಲವನ್ನು ಕಳೆಯುವ ಏರ್ಪಾಡನ್ನು ಆರಿಸಿರಬೇಕು. ಅದು ಇನ್ನೊಂದು ಕತ್ತಲೆಯ ಚಿತ್ರವನ್ನು ತಾನೇ ತೆಗೆದು ಮೊದಲಿನದರಿಂದ ಕಳೆದು, ದೋಷವನ್ನು ಮರೆಮಾಡುತ್ತದೆ.

ಎರಡನೆಯದು ಧೂಳಿನ ಪರೀಕ್ಷೆ. ಮಸೂರದ ರಂಧ್ರವನ್ನು ಎಫ್ ೧೬ ಅಥವಾ ಎಫ್ ೨೨ಕ್ಕೆ ಕಿರಿದುಗೊಳಿಸಿ, ತಿಳಿಯಾದ ಆಕಾಶವನ್ನು ಚಿತ್ರಿಸಬೇಕು. ಸಂವೇದಕದ ಮೇಲಣ ಗಾಜಿನಲ್ಲಿ ಧೂಳು ಕುಳಿತಿದ್ದರೆ ಬೂದುಬಣ್ಣದ ಚುಕ್ಕೆಗಳಾಗಿ ಕಾಣುತ್ತದೆ. ರಂಧ್ರವನ್ನು ಏಕೆ ಕಿರಿದುಗೊಳಿಸಬೇಕು? ಅಗಲವಾದ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನಮ್ಮ ಬೆರಳಿನ ನೆರಳು ಮಸುಕು. ಸಣ್ಣ ಟಾರ್ಚಿನ ಬೆಳಕಿನಲ್ಲಿ ಅದೇ ನೆರಳು ಸ್ಪಷ್ಟ. ಇಲ್ಲಿಯೂ ಹಾಗೆಯೇ. ಚಿತ್ರದ ಮೇಲ್ಭಾಗದಲ್ಲಿ ಕಂಡ ಧೂಳು ಸಂವೇದಕದ ಕೆಳಭಾಗದಲ್ಲಿರುತ್ತದೆ. ಮಸೂರ ಬಿಂಬವನ್ನು ತಲೆಕೆಳಗಾಗಿಸುವುದಷ್ಟೆ. ಈ ಧೂಳನ್ನು ತೆಗೆಸಬಹುದು. ಬೆಲೆ ಇಳಿಸಲು ಒಂದು ನೆಪವಾದೀತು. ಮಸೂರದ ಒಳಗಿನ ನಾಲ್ಕಾರು ಧೂಳುಕಣಗಳಂತೂ ಚಿತ್ರದಲ್ಲಿ ಕಾಣುವುದೇ ಇಲ್ಲ.

ಮಸೂರದಲ್ಲಿ ನಿಜವಾಗಿ ಹೆದರಬೇಕಾದುದು ಬೂಷ್ಟಿಗೆ. ನಮ್ಮ ಕರಾವಳಿ ಮತ್ತು ಮಲೆನಾಡುಗಳಲ್ಲಿ ಮಳೆಗಾಲದ ಗಾಳಿ ವಾರಗಟ್ಟಲೆ ತೇವದಿಂದ ತುಂಬಿರುತ್ತದೆ. ಚರ್ಮದ ಚಪ್ಪಲಿಗೆ ಬರುವ ಬೂಷ್ಟಿನ ಬಂಧುಗಳೇ ಮಸೂರದ ಗಾಜಿನ ಮೇಲೂ ಬೆಳೆಯುತ್ತವೆ. ಅವು ಹೊರಬಿಡುವ ಆಮ್ಲವು ಗಾಜಿನ ಲೇಪವನ್ನು ಕೊರೆಯುತ್ತದೆ. ಆಮೇಲೆ ಬೂಷ್ಟನ್ನು ಒರೆಸಿದರೂ ಕಲೆ ಉಳಿಯುತ್ತದೆ. ಮಸೂರವನ್ನು ಕಳಚಿ, ರಂಧ್ರವನ್ನು ಪೂರ್ತಿ ತೆರೆದು, ಒಂದು ಕಡೆಯಿಂದ ಓರೆಯಾಗಿ ಟಾರ್ಚು ಬಿಟ್ಟು ಇನ್ನೊಂದು ಕಡೆಯಿಂದ ನೋಡಿದರೆ ಜೇಡರ ಬಲೆಯಂಥ ಕವಲೊಡೆದ ಎಳೆಗಳು ಕಾಣುತ್ತವೆ. ಕಂಡರೆ ಆ ಮಸೂರ ಎಷ್ಟು ಅಗ್ಗವಾದರೂ ಬೇಡ. ಬೂಷ್ಟಿಲ್ಲದ ಮಸೂರದಿಂದ ದಿನಪತ್ರಿಕೆಯ ಹಾಳೆಯೊಂದನ್ನು ಗೋಡೆಗೆ ಅಂಟಿಸಿ ನೇರವಾಗಿ ಚಿತ್ರಿಸಿ, ನಾಲ್ಕು ಮೂಲೆಗಳ ಅಕ್ಷರಗಳನ್ನು ಹೋಲಿಸಬೇಕು. ಒಂದೇ ಮೂಲೆ ಬಹಳ ಮಸುಕಾಗಿದ್ದರೆ ಮಸೂರ ಎಂದೋ ಕೆಳಗೆ ಬಿದ್ದಿರುವ ಸಂಭವವುಂಟು.

ಅಗ್ಗದ ಆಸೆಯಲ್ಲಿ ಅನೇಕರು ಎಡವುವ ಇನ್ನೊಂದು ಕಡೆ ಮಸೂರದ ಮೋಟಾರು. ನೈಕಾನಿನ ಹಳೆಯ ೫೦ ಮಿಲಿಮೀಟರ್ ಎಫ್ ೧.೮ ಡಿ ಮಸೂರ ಕಡಿಮೆ ಬೆಲೆಯದು, ಚಿತ್ರವೂ ಚೆನ್ನ. ಆದರೆ ಅದರಲ್ಲಿ ಮೋಟಾರಿಲ್ಲ. ಕ್ಯಾಮರಾದ ದೇಹದಲ್ಲಿರುವ ಮೋಟಾರೇ ಅದನ್ನು ತಿರುಗಿಸಬೇಕು. ಡಿ೯೦ರಲ್ಲಿ ಆ ಮೋಟಾರು ಇದೆ. ಡಿ೪೦, ಡಿ೩೧೦೦, ಡಿ೫೧೦೦ ಮುಂತಾದ ಕಿರಿಯ ಮಾದರಿಗಳಲ್ಲಿ ಇಲ್ಲ. ಅವುಗಳಿಗೆ ಈ ಮಸೂರ ಹಾಕಿದರೆ ಕೈಯಿಂದಲೇ ಹೊಂದಿಸಬೇಕು. ಹೀಗಾಗಿ ಸಾವಿರ ರೂಪಾಯಿ ಕಡಿಮೆಗೆ ಸಿಕ್ಕ ಕ್ಯಾಮರಾ ಮುಂದೆ ಮಸೂರಗಳಿಗಾಗಿ ಮೂರು ಸಾವಿರ ಹೆಚ್ಚು ಕೇಳಬಹುದು.

ಬ್ಯಾಟರಿಯ ಮಾತು ಚಿಕ್ಕದು. ಲಿಥಿಯಮ್ ಬ್ಯಾಟರಿ ಬಳಸಿದರೂ ಮುದಿಯಾಗುತ್ತದೆ, ಬಳಸದಿದ್ದರೂ ಮುದಿಯಾಗುತ್ತದೆ. ಹೊಸದೊಂದರ ಬೆಲೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ಮೆಮೊರಿ ಕಾರ್ಡಿನ ವಿಷಯದಲ್ಲಿ, ಎಸ್‌ಡಿಎಚ್‌ಸಿ ಕಾಲದ ಕ್ಯಾಮರಾಗಳಿಗೆ ೩೨ ಗಿಗಾಬೈಟಿನವರೆಗಿನ ಕಾರ್ಡು ಸಾಕು. ದೊಡ್ಡದನ್ನು ಕೊಂಡರೆ ಕ್ಯಾಮರಾ ಅದನ್ನು ಓದದೆ ಇರಬಹುದು.

ಈಚೆಗೆ ೨೦೦೦ದ ದಶಕದ ಪುಟ್ಟ ಸಿಸಿಡಿ ಕ್ಯಾಮರಾಗಳು ತರುಣರಲ್ಲಿ ಮತ್ತೆ ಬಳಕೆಗೆ ಬಂದು, ಅವುಗಳ ಬೆಲೆ ಏರಿದೆ. ಅವುಗಳ ಬಣ್ಣದಲ್ಲಿ ವಿಶೇಷವಿದೆಯೆಂಬ ನಂಬಿಕೆ ಇದಕ್ಕೆ ಕಾರಣ. ಆ ಬಣ್ಣ ಬಹುಮಟ್ಟಿಗೆ ಶೋಧಕ ಗಾಜುಗಳಿಂದಲೂ ಅಂದಿನ ಗಣಿತಕ್ರಮದಿಂದಲೂ ಬಂದದ್ದೆಂಬುದು ನಮ್ಮ ಅಭಿಪ್ರಾಯ. ರುಚಿಯ ವಿಷಯದಲ್ಲಿ ವಾದ ಬೇಡ. ಆದರೆ ಆ ಕಾಲದಲ್ಲಿ ಸೋನಿ ಸಂಸ್ಥೆ ತಯಾರಿಸಿದ ಕೆಲವು ಸಿಸಿಡಿಗಳು ಬಿಸಿ ಮತ್ತು ತೇವದ ಹವೆಯಲ್ಲಿ ಕೆಟ್ಟುಹೋಗುವುದು ಕಂಡುಬಂದು, ಅವನ್ನು ಬಳಸಿದ್ದ ಹಲವು ಕಂಪನಿಗಳು ೨೦೦೫ರಲ್ಲಿ ಪುಕ್ಕಟೆ ದುರಸ್ತಿಯನ್ನು ಪ್ರಕಟಿಸಬೇಕಾಯಿತು. ಸಂವೇದಕ ಸವೆಯುವುದಿಲ್ಲವೆಂಬ ನಮ್ಮ ಮಾತಿಗೆ ಇದೊಂದು ಅಪವಾದ. ಇಂಥ ಕ್ಯಾಮರಾವನ್ನು ಚಿತ್ರ ತೆಗೆದು ನೋಡದೆ ಕೊಳ್ಳಲೇಬಾರದು.

ಕಾಗದಪತ್ರಗಳ ಕಡೆಗೂ ಗಮನ ಬೇಕು. ಕ್ಯಾಮರಾದ ತಳದಲ್ಲಿ ಕೊರೆದಿರುವ ಕ್ರಮಸಂಖ್ಯೆಯೂ ಮೊದಲ ಬಿಲ್ಲಿನ ಸಂಖ್ಯೆಯೂ ಒಂದೇ ಆಗಿರಬೇಕು. ಬಿಲ್ಲು ಇಲ್ಲವೆಂದರೆ ಮಾರುವವರ ಹೆಸರು, ವಿಳಾಸ, ಕ್ರಮಸಂಖ್ಯೆಗಳನ್ನು ಬರೆದು ರುಜು ಪಡೆಯಬೇಕು. ಅದಕ್ಕೂ ಹಿಂದೆಗೆದರೆ ಮಾಲು ಎಲ್ಲಿಂದ ಬಂತೆಂಬುದನ್ನು ಯೋಚಿಸಬೇಕಾಗುತ್ತದೆ. ಹನ್ನೆರಡು ಸಾವಿರವಿದ್ದರೆ ಅಷ್ಟನ್ನೂ ಕ್ಯಾಮರಾಕ್ಕೇ ಸುರಿಯದೆ, ಬ್ಯಾಟರಿ, ಕಾರ್ಡು ಮತ್ತು ಚೀಲಕ್ಕಾಗಿ ಎರಡು ಸಾವಿರವನ್ನಾದರೂ ತೆಗೆದಿಡುವುದು ಉಚಿತ.

ಕೊಂಡು ತಂದ ಕ್ಯಾಮರಾವನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ಸೇರಿಸಿದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಸಿಲಿಕಾ ಜೆಲ್ ಮಣಿಗಳ ಪೊಟ್ಟಣದೊಡನೆ ಇಡಬೇಕು. ಒಳಗಿನ ತೇವ ಶೇಕಡಾ ೪೦ರಿಂದ ೫೦ರಷ್ಟಿದ್ದರೆ ಸರಿ. ಅದನ್ನು ತೋರಿಸುವ ಸಣ್ಣ ಮಾಪಕಗಳು ಅಗ್ಗವಾಗಿ ಸಿಕ್ಕುತ್ತವೆ. ನೀಲಿ ಮಣಿಗಳು ತೇವ ಹೀರಿ ಗುಲಾಬಿಯಾದಾಗ ಸುಮಾರು ೧೨೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ನೀಲಿಯಾಗುತ್ತವೆ. ಆ ನೀಲಿಯಲ್ಲಿ ಕೋಬಾಲ್ಟಿನ ಲವಣವಿರುವುದರಿಂದ ಅಡುಗೆಯ ಪಾತ್ರೆಯಲ್ಲಿ ಒಣಗಿಸಬಾರದು. ಕಿತ್ತಳೆ ಬಣ್ಣದ ಮಣಿಗಳು ಸಿಕ್ಕಿದರೆ ಅವನ್ನೇ ಕೊಳ್ಳುವುದು ಮೇಲು.