ಮಗನಿಗೆ ಹೇಳುವವರು ಯಾರು?

ಪ್ರಶ್ನೆ: ನಾವು ತುಮಕೂರು ಕಡೆಯವರು. ನಮ್ಮ ಯಜಮಾನರಿಗೆ ಚೆನ್ನೈ ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ. ಪಲ್ಲಾವರಂನಲ್ಲಿ ಬಾಡಿಗೆಗೆ ಇದ್ದೇವೆ. ಮಗಳಿಗೆ 16 ವರ್ಷ, ಮಗನಿಗೆ 14, ಒಂಬತ್ತನೇ ಕ್ಲಾಸು. ಮೂರು ತಿಂಗಳಿಂದ ಮಗ ತುಂಬ ಮಂಕಾಗಿದ್ದಾನೆ. ಬೆಳಗಿನ ಜಾವ ಐದಕ್ಕೇ ಎದ್ದು ತನ್ನ ಬೆಡ್‌ಶೀಟು, ಚಡ್ಡಿ ತಾನೇ ಒಗೆದು ಮಹಡಿ ಮೇಲೆ ಒಣಹಾಕಿ ಬರುತ್ತಾನೆ. ಮೊದಮೊದಲು ಜವಾಬ್ದಾರಿ ಬಂತು ಅಂತ ಖುಷಿಪಟ್ಟೆ. ಆದರೆ ಸೊರಗಿಹೋಗಿದ್ದಾನೆ, ಮಾರ್ಕ್ಸ್ ಇಳಿದಿದೆ. ಎಷ್ಟು ಸೆಕೆ ಇದ್ದರೂ ಮನೆಯಲ್ಲಿ ಅಂಗಿ ಬಿಚ್ಚುವುದಿಲ್ಲ, ಎದೆ ಒಳಕ್ಕೆಳೆದುಕೊಂಡು ನಡೆಯುತ್ತಾನೆ. ಹೋದ ವಾರ ಅವನ ಬ್ಯಾಗಿನಲ್ಲಿ ಒಂದು ಲೇಹ್ಯದ ಡಬ್ಬಿ, ಜೊತೆಗೆ ತಮಿಳಿನ ಪಾಂಪ್ಲೆಟ್ ಸಿಕ್ಕಿತು. ಮಗಳ ಹತ್ತಿರ ಓದಿಸಬಾರದಿತ್ತೇನೋ, ಓದಿಸಿದೆ. ಚಿಕ್ಕ ವಯಸ್ಸಿನ ತಪ್ಪಿನಿಂದ ನರ ದುರ್ಬಲವಾಗುತ್ತೆ, ಮುಂದೆ ಮದುವೆ ಆಗಕ್ಕೆ ಆಗಲ್ಲ ಅಂತೆಲ್ಲ ಇದೆ. ಅಜ್ಜಿ ಹಬ್ಬಕ್ಕೆ ಕೊಟ್ಟ 1,500 ರೂಪಾಯಿ ಅದಕ್ಕೇ ಹೋಗಿದೆ. ಯಜಮಾನರಿಗೆ ಹೇಳಿದರೆ, “ಗಂಡುಹುಡುಗರಿಗೆ ಇದೆಲ್ಲ ಹೇಳಿಕೊಡ್ತಾರಾ? ನಮಗೇನು ಯಾರಾದರೂ ಹೇಳಿದ್ರಾ?” ಅಂತಾರೆ. ಮಗಳು ದೊಡ್ಡವಳಾಗುವ ಮೊದಲೇ ಅವಳಿಗೆ ನಾನೇ ಎಲ್ಲ ಹೇಳಿದ್ದೆ. ಇವನಿಗೆ ಏನು ಹೇಳಬೇಕೋ ನನಗೇ ಗೊತ್ತಿಲ್ಲ. ಇದು ರೋಗವಾ ಮೇಡಂ? ಬೈದು ಬುದ್ಧಿ ಹೇಳಬೇಕಾ?
– ಹೆಸರು ಬೇಡ, ಪಲ್ಲಾವರಂ

ಉತ್ತರ: ತಾಯಿ, ನೀವು ಬರೆದಿರುವುದರಲ್ಲಿ ರೋಗದ ಲಕ್ಷಣ ನನಗೆ ಒಂದೂ ಕಾಣುತ್ತಿಲ್ಲ. 14 ವರ್ಷದ ಹುಡುಗನ ಮೈಯಲ್ಲಿ ಆಗಬೇಕಾದದ್ದೇ ಆಗುತ್ತಿದೆ. ಆದರೆ ಅವನು ಹೆದರಿದ್ದಾನೆ. ಆ ಹೆದರಿಕೆಯ ಮೇಲೆ ಯಾರೋ ವ್ಯಾಪಾರ ಮಾಡಿದ್ದಾರೆ. ಆದ್ದರಿಂದ ಬೈಯುವ ಮಾತು ಬೇಡ. ಹೋದ ದುಡ್ಡಿನ ಲೆಕ್ಕವನ್ನೂ ಕೇಳಬೇಡಿ. ಆ ಹುಡುಗ ಅದನ್ನು ಪೋಲಿತನಕ್ಕೆ ಖರ್ಚು ಮಾಡಲಿಲ್ಲ. ತನಗೇನೋ ದೊಡ್ಡ ಕಾಯಿಲೆ ಬಂದಿದೆ ಅಂದುಕೊಂಡು, ಮನೆಯವರ ಮುಂದೆ ಬಾಯಿ ಬಿಡಲಾರದೆ, ತನಗೆ ತಾನೇ ಔಷಧಿ ತಂದುಕೊಂಡ.

ಈಗ ಒಂದೊಂದಾಗಿ ನೋಡೋಣ. ಗಂಡುಮಕ್ಕಳಲ್ಲಿ ಪ್ರಾಯದ ಬದಲಾವಣೆ 9ರಿಂದ 14 ವರ್ಷದೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು. ಮೀಸೆ ಚಿಗುರುವುದು, ಧ್ವನಿ ಒಡೆಯುವುದು ನಮ್ಮ ಕಣ್ಣಿಗೆ ಬೀಳುತ್ತದೆ, ಕಿವಿಗೆ ಕೇಳುತ್ತದೆ. ಅದಕ್ಕೂ ಎಷ್ಟೋ ಮೊದಲೇ ವೃಷಣಗಳು ದೊಡ್ಡದಾಗತೊಡಗಿರುತ್ತವೆ. ಮುಂದೆ ವೀರ್ಯ ಉತ್ಪತ್ತಿ ಆರಂಭವಾಗುತ್ತದೆ, ಒಮ್ಮೊಮ್ಮೆ ನಿದ್ದೆಯಲ್ಲಿ ತಾನಾಗಿಯೇ ಹೊರಬರುತ್ತದೆ. ವೈದ್ಯರು ಇದನ್ನು ಸ್ವಪ್ನಸ್ಖಲನ ಅನ್ನುತ್ತಾರೆ. ನಿಮ್ಮ ಮಗಳಿಗೆ ಮುಟ್ಟು ಎಷ್ಟು ಸಹಜವೋ ಇದೂ ಅಷ್ಟೇ ಸಹಜ. ಕೆಲವರಿಗೆ ವಾರದಲ್ಲಿ ಒಂದೆರಡು ಸಲ, ಕೆಲವರಿಗೆ ತಿಂಗಳಿಗೊಮ್ಮೆ, ಕೆಲವರಿಗೆ ಆಗುವುದೇ ಇಲ್ಲ. ಎಲ್ಲವೂ ಸರಿಯೇ.

ಅವನು ಅಂಗಿ ಬಿಚ್ಚದಿರುವುದಕ್ಕೂ ಒಂದು ಕಾರಣ ಇರಬಹುದು. ಈ ವಯಸ್ಸಿನಲ್ಲಿ ಸುಮಾರು ಅರ್ಧದಷ್ಟು ಹುಡುಗರಿಗೆ ಮೊಲೆತೊಟ್ಟಿನ ಕೆಳಗೆ ಚಿಕ್ಕ ಗಂಟಿನ ಹಾಗೆ ಆಗುತ್ತದೆ, ಮುಟ್ಟಿದರೆ ನೋಯುತ್ತದೆ. ಹಾರ್ಮೋನುಗಳು ಇನ್ನೂ ಒಂದು ಹದಕ್ಕೆ ಬಂದಿರುವುದಿಲ್ಲ, ಅದರ ಪರಿಣಾಮ ಇದು. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ಇಳಿದುಹೋಗುತ್ತದೆ. ಆದರೆ ಕ್ಲಾಸಿನಲ್ಲಿ ಯಾರಾದರೂ ಒಬ್ಬ ಗೇಲಿ ಮಾಡಿದರೆ ಸಾಕು, ಹುಡುಗ ಎದೆ ಒಳಕ್ಕೆಳೆದುಕೊಂಡೇ ನಡೆಯುತ್ತಾನೆ. ನೀವು ಅಂಗಿ ಬಿಚ್ಚಿಸಿ ಪರೀಕ್ಷೆ ಮಾಡಲು ಹೋಗಬೇಡಿ. “ಈ ವಯಸ್ಸಿನಲ್ಲಿ ಎಷ್ಟೋ ಹುಡುಗರಿಗೆ ಹೀಗೆ ಆಗುತ್ತೆ, ತಾನಾಗೇ ಹೋಗುತ್ತೆ” ಅನ್ನುವ ಒಂದು ಮಾತು ಅವನ ಕಿವಿಗೆ ಬಿದ್ದರೆ ಸಾಕು.

ಇನ್ನು ಸೊರಗಿದ್ದು, ಮಾರ್ಕ್ಸ್ ಇಳಿದದ್ದು. ಬೆಳವಣಿಗೆಯ ಭರಾಟೆಯಲ್ಲಿ ಹುಡುಗರು ವರ್ಷಕ್ಕೆ 9–10 ಸೆಂಟಿಮೀಟರ್ ಎತ್ತರವಾಗುವುದುಂಟು. ಎಲುಬು ಮೊದಲು ಉದ್ದವಾಗುತ್ತದೆ, ಮಾಂಸ ಆಮೇಲೆ ತುಂಬುತ್ತದೆ. ಹಾಗಾಗಿ ನೋಡಿದವರಿಗೆ ಸೊರಗಿದಂತೆ ಕಾಣುತ್ತದೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಅದೂ ರಾತ್ರಿ ಬೇಗ ನಿದ್ದೆ ಹತ್ತದ ವಯಸ್ಸು. ಬಟ್ಟೆ ಒಗೆಯಲೆಂದು ಐದಕ್ಕೇ ಏಳುವವನು ಮೂರನೇ ಪೀರಿಯಡ್ಡಿಗೆ ತೂಕಡಿಸದೆ ಇರುತ್ತಾನೆಯೇ? ತೂಕಡಿಸಿದಾಗೆಲ್ಲ “ಪಾಂಪ್ಲೆಟ್ಟಿನಲ್ಲಿ ಹೇಳಿದ ನಿಶ್ಶಕ್ತಿ ಇದೇ” ಎಂದು ಹೆದರುತ್ತಾನೆ. ಹೆದರಿಕೆಗೆ ಇನ್ನಷ್ಟು ನಿದ್ದೆಗೆಡುತ್ತಾನೆ. ಅವನನ್ನು ಹಣ್ಣು ಮಾಡಿರುವುದು ಈ ಸುತ್ತು.

ಈ ಹೆದರಿಕೆ ನಿಮ್ಮ ಮಗನಿಂದ ಶುರುವಾದದ್ದಲ್ಲ. 1760ರಲ್ಲಿ ಸ್ವಿಟ್ಜರ್ಲೆಂಡಿನ ತಿಸ್ಸೋ ಎಂಬ ವೈದ್ಯ, ಹಸ್ತಮೈಥುನದಿಂದ ಕಣ್ಣು, ಬುದ್ಧಿ, ಪ್ರಾಣ ಎಲ್ಲವೂ ಹಾಳಾಗುತ್ತವೆ ಎಂದು ಪುಸ್ತಕವನ್ನೇ ಬರೆದ. ಯುರೋಪು ನೂರಕ್ಕೂ ಹೆಚ್ಚು ವರ್ಷ ಅದನ್ನು ನಂಬಿತು. ನಮ್ಮಲ್ಲಂತೂ ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ ಎಂಬ ಲೆಕ್ಕ ಕೇಳದ ಹುಡುಗನಿಲ್ಲ. ಧಾತು, ಅಂದರೆ ವೀರ್ಯ, ಹೋಗುತ್ತಿದೆ ಎಂದು ಕುಗ್ಗಿಹೋದ ಯುವಕರನ್ನು ನೋಡಿ ನೋಡಿ, 1960ರಲ್ಲಿ ಮನೋವೈದ್ಯ ಡಾ. ಎನ್.ಎನ್. ವಿಗ್ ಈ ಭಯಕ್ಕೇ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಅಂದರೆ ಚಿಕಿತ್ಸೆ ಬೇಕಾದದ್ದು ಭಯಕ್ಕೆ, ವೀರ್ಯಕ್ಕಲ್ಲ.

ನಿಜಸಂಗತಿ ಇಷ್ಟು. ವೀರ್ಯ ರಕ್ತದಿಂದ ಬಟ್ಟಿ ಇಳಿಸಿದ ವಸ್ತುವಲ್ಲ. ಒಂದು ಸಲಕ್ಕೆ ಹೊರಬರುವುದು ಸಾಮಾನ್ಯವಾಗಿ ಒಂದು ಚಮಚೆಗಿಂತ ಹೆಚ್ಚಿಲ್ಲ. ಅದರಲ್ಲಿ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ದ್ರವ, ಅಂದರೆ ನೀರು, ಒಂದಿಷ್ಟು ಸಕ್ಕರೆ ಮತ್ತು ಪ್ರೋಟೀನು. ವೃಷಣಗಳು ವೀರ್ಯಾಣುಗಳನ್ನು ದಿನವೂ ತಯಾರಿಸುತ್ತಲೇ ಇರುತ್ತವೆ. ಹೊರಗೆ ಬಾರದೆ ಉಳಿದದ್ದನ್ನು ಮೈಯೇ ಹೀರಿಕೊಳ್ಳುತ್ತದೆ. ನಿದ್ದೆಯಲ್ಲಿ ಹೋದರಾಗಲಿ, ಹಸ್ತಮೈಥುನದಿಂದಾಗಲಿ, ನರ ಸೋಲುವುದಿಲ್ಲ, ಮೊಡವೆ ಏಳುವುದಿಲ್ಲ, ಬುದ್ಧಿ ಮಂಕಾಗುವುದಿಲ್ಲ, ಮುಂದೆ ಮದುವೆಗೂ ಮಕ್ಕಳಿಗೂ ಅಡ್ಡಿಯಾಗುವುದಿಲ್ಲ. ಅದು ಅವನ ಖಾಸಗಿ ವಿಷಯ ಎಂಬ ತಿಳಿವಳಿಕೆ ಅವನಿಗಿದ್ದರೆ ಸಾಕು. ಓದು, ಆಟ, ಸ್ನೇಹಿತರು ಎಲ್ಲವನ್ನೂ ಬಿಟ್ಟು ಅದೊಂದರಲ್ಲೇ ಮುಳುಗಿದರೆ ಮಾತ್ರ ಸಲಹೆಗಾರರ ಹತ್ತಿರ ಮಾತಾಡಬೇಕು.

ಆ ಲೇಹ್ಯವನ್ನು ಇವತ್ತೇ ನಿಲ್ಲಿಸಿ. ಡಬ್ಬಿ ತಿರುಗಿಸಿ ಲೇಬಲ್ ನೋಡಿ. ತಯಾರಕರ ಹೆಸರು ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಏನೇನು ಹಾಕಿದ್ದಾರೆ ಎಂಬ ಪಟ್ಟಿ ಇಲ್ಲದಿದ್ದರೆ ಅದನ್ನು ಔಷಧಿ ಎಂದು ಮಾರುವಂತೆಯೇ ಇಲ್ಲ. ಇಂಥ ಹೆಸರಿಲ್ಲದ ಲೇಹ್ಯ, ಭಸ್ಮಗಳಲ್ಲಿ ಸೀಸ, ಪಾದರಸ, ಒಮ್ಮೊಮ್ಮೆ ಸ್ಟೀರಾಯ್ಡ್ ಕೂಡ ಸಿಕ್ಕಿದ್ದುಂಟು. ಅವನು ಕೆಲವು ವಾರ ತಿಂದಿದ್ದರೆ ಡಬ್ಬಿಯನ್ನು ಎಸೆಯದೆ ಜೊತೆಗೆ ತೆಗೆದುಕೊಂಡು ಒಮ್ಮೆ ವೈದ್ಯರಿಗೆ ತೋರಿಸಿ. ಹೊಟ್ಟೆನೋವು, ವಾಂತಿ ಇದ್ದರೆ ತಡಮಾಡಬೇಡಿ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದೇ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಡಿ ಅಪರಾಧ. ಆದರೂ ಊರೂರಿನ ಗೋಡೆಗಳ ಮೇಲೆ, ಬಸ್‌ಸ್ಟ್ಯಾಂಡಿನ ಮೂತ್ರಿಗಳಲ್ಲಿ, ಇಂಥ ತಾರೀಕಿಗೆ ಇಂಥ ಲಾಡ್ಜಿಗೆ ವೈದ್ಯರು ಬರುತ್ತಾರೆಂಬ ಚೀಟಿ ಇದ್ದೇ ಇರುತ್ತದೆ. ಕನ್ನಡದಲ್ಲಿ ‘ಗುಪ್ತರೋಗ’ ಅಂತ, ತಮಿಳಿನಲ್ಲಿ ‘ನರಂಬು ತಳರ್ಚಿ’ ಅಂತ, ಅಷ್ಟೇ ವ್ಯತ್ಯಾಸ.

ಲೇಹ್ಯ ಬಳಸುವ ತಮಿಳುನಾಡಿನ ಸಿದ್ಧ ವೈದ್ಯಪದ್ಧತಿಯನ್ನೇ ನಾನು ದೂರುತ್ತಿದ್ದೇನೆ ಅಂದುಕೊಳ್ಳಬೇಡಿ. ಅದರಲ್ಲಿ ನಿಮಗೆ ನಂಬಿಕೆಯಿದ್ದರೆ, ನಿಮ್ಮ ಸ್ಟೇಷನ್ನಿನಿಂದ ಲೋಕಲ್ ಟ್ರೈನಿನಲ್ಲಿ ಕ್ರೋಮ್‌ಪೇಟೆ ದಾಟಿದರೆ ತಾಂಬರಂ ಸ್ಯಾನಟೋರಿಯಂ. ಅಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಿದ್ಧ ಸಂಸ್ಥೆಯ ಆಸ್ಪತ್ರೆಯೇ ಇದೆ. ಓದಿದ ವೈದ್ಯರು ಹಗಲು ಹೊತ್ತಿನಲ್ಲಿ, ಚೀಟಿ ಬರೆದುಕೊಟ್ಟು ನೋಡುವ ಜಾಗ. ಲಾಡ್ಜಿನ ರೂಮಿಗೆ ಹೋಗುವ ದರ್ದು ಯಾರಿಗೂ ಇಲ್ಲ.

ಇಷ್ಟೆಲ್ಲ ಯಾಕಾಯಿತು? ಮಗಳಿಗೆ ನೀವು ಮೊದಲೇ ಹೇಳಿದ್ದಿರಿ. ಹೇಳದಿದ್ದರೂ ಯಾರಾದರೂ ಹೇಳುತ್ತಿದ್ದರು. ನಮ್ಮ ಕಡೆ ಹೆಣ್ಣುಮಗು ಮೈನೆರೆದರೆ ಆರತಿ ಮಾಡಿ, ಚಿಗಳಿ ಕೊಟ್ಟು ಕೂರಿಸುತ್ತಾರೆ. ನೀವಿರುವ ಊರಿನಲ್ಲಿ ‘ಮಂಜಳ್ ನೀರಾಟ್ಟು ವಿಳಾ’ ಎಂದು ಹುಡುಗಿಯ ಫೋಟೋ ಹಾಕಿ ಬೀದಿಗೇ ಫ್ಲೆಕ್ಸ್ ಕಟ್ಟುತ್ತಾರೆ. ಆ ಹುಡುಗಿಗೆ ಅದೆಷ್ಟು ನಾಚಿಕೆಯೋ, ಅದು ಬೇರೆ ಮಾತು. ಆದರೆ ನಿನಗೆ ಆಗಿರುವುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ ಎಂದಾದರೂ ಅವಳಿಗೆ ತಿಳಿಯುತ್ತದೆ. ಅನುಪಮಾ ನಿರಂಜನ ಅವರ ‘ಕೇಳು ಕಿಶೋರಿ’ಯನ್ನು ಅಮ್ಮಂದಿರು ಹೆಣ್ಣುಮಕ್ಕಳ ಕೈಗೆ ಕೊಟ್ಟರು. ಹುಡುಗರ ಕೈಗೆ ಹಾಗೆ ಕೊಟ್ಟ ಪುಸ್ತಕ ಯಾವುದು? ಶಾಲೆಯಲ್ಲಿ ಹದಿಹರೆಯ ಶಿಕ್ಷಣ ಕಾರ್ಯಕ್ರಮ 2005ರಲ್ಲಿ ಬಂತು. 2007ರ ಹೊತ್ತಿಗೆ ನಮ್ಮ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಬೇಡ ಅಂದವು. ಮನೆಯಲ್ಲೂ ಹೇಳಲಿಲ್ಲ, ಶಾಲೆಯಲ್ಲೂ ಹೇಳಲಿಲ್ಲ. ಉಳಿದದ್ದು ಗೋಡೆಯ ಚೀಟಿ ಮತ್ತು ಕೈಯಲ್ಲಿನ ಫೋನು.

ಯಜಮಾನರು “ನಮಗೇನು ಯಾರಾದರೂ ಹೇಳಿದ್ರಾ?” ಅನ್ನುತ್ತಾರಲ್ಲ, ಅದಕ್ಕೆ ಸಿಟ್ಟಾಗದೆ ಒಂದು ಪ್ರಶ್ನೆ ಕೇಳಿ: “ಹೇಳಿದ್ದರೆ ನಿಮಗೆ ಅನುಕೂಲ ಆಗ್ತಿರಲಿಲ್ವಾ?” ಆ ವಯಸ್ಸಿನಲ್ಲಿ ಅವರೂ ಎಷ್ಟು ಹೆದರಿದ್ದರೋ ಯಾರಿಗೆ ಗೊತ್ತು. ಈ ಮಾತು ಅಪ್ಪನಿಂದ ಬಂದರೆ ಒಳ್ಳೆಯದು, ಏಕೆಂದರೆ “ನನಗೂ ಹೀಗೇ ಆಗಿತ್ತು” ಎಂದು ಹೇಳಬಲ್ಲವರು ಅವರು. ಎದುರು ಕೂರಿಸಿಕೊಂಡು ಉಪದೇಶ ಬೇಡ. ನಿಮ್ಮ ಪಲ್ಲಾವರಂನ ಶುಕ್ರವಾರದ ಸಂತೆಗೆ ಇಬ್ಬರೂ ಹೋಗಿ ಬರಲಿ. ಹಳೇ ಫ್ಯಾನು, ಮೋಟಾರು, ಸೈಕಲ್ಲಿನ ಬಿಡಿಭಾಗ ನೋಡುತ್ತ ಪಕ್ಕಪಕ್ಕ ನಡೆಯುವಾಗ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಹೇಳಬೇಕಾದದ್ದೂ ಇಷ್ಟೇ: “ರಾತ್ರಿ ಬಟ್ಟೆ ಒದ್ದೆ ಆಗೋದು ನನಗೂ ಆಗ್ತಿತ್ತು ಕಣೋ. ಕಾಯಿಲೆ ಅಲ್ಲ. ಬೆಡ್‌ಶೀಟು ಮಷೀನಿಗೆ ಹಾಕು, ಐದಕ್ಕೆ ಏಳಬೇಡ. ಆ ಲೇಹ್ಯ ಬಿಟ್ಟುಬಿಡು. ಏನೇ ಅನುಮಾನ ಇದ್ರೂ ನನ್ನ ಕೇಳು.” ಯಜಮಾನರಿಗೆ ಏನು ಮಾಡಿದರೂ ಬಾಯಿ ಬರುವುದಿಲ್ಲವೆಂದಾದರೆ ಸೋದರಮಾವನಿಗೆ ಫೋನು ಮಾಡಿ ಹೇಳಿಸಿ. ಅದೂ ಆಗದಿದ್ದರೆ ನೀವೇ ಹೇಳಿ. ಮಗಳಿಗೆ ಹೇಳಿದ ಬಾಯಿಗೆ ಇದು ಕಷ್ಟವಲ್ಲ.

ಒಂದು ವಿಷಯವನ್ನು ಮಾತ್ರ ಖಂಡಿತ ಹೇಳಲೇಬೇಕು. ವೃಷಣದಲ್ಲಿ ಇದ್ದಕ್ಕಿದ್ದಂತೆ ವಿಪರೀತ ನೋವು ಬಂದರೆ, ಹೊಟ್ಟೆ ತೊಳಸಿದರೆ, ಅದು ಮಧ್ಯರಾತ್ರಿಯಾದರೂ ಅಪ್ಪ ಅಮ್ಮನನ್ನು ಎಬ್ಬಿಸಬೇಕು. ವೃಷಣ ತಿರುಚಿಕೊಂಡು ರಕ್ತ ಸಂಚಾರ ನಿಂತಿರಬಹುದು. 12ರಿಂದ 18ರ ವಯಸ್ಸಿನಲ್ಲೇ ಇದು ಹೆಚ್ಚು. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆದರೆ ವೃಷಣ ಉಳಿಯುತ್ತದೆ, ತಡವಾದಷ್ಟೂ ಕೈತಪ್ಪುತ್ತದೆ. ನಾಚಿಕೆಯಿಂದ ಬೆಳಗಿನವರೆಗೆ ಹಲ್ಲು ಕಚ್ಚಿಕೊಂಡಿದ್ದ ಹುಡುಗರೇ ಅದನ್ನು ಕಳೆದುಕೊಳ್ಳುವುದು. ಉರಿಮೂತ್ರ, ಕೀವು, ವೃಷಣದಲ್ಲಿ ಗಟ್ಟಿ ಗಂಟು, ಒಂದು ವೃಷಣ ಕೆಳಗೆ ಇಳಿಯದೆ ಇರುವುದು, 14 ತುಂಬಿದರೂ ಬೆಳವಣಿಗೆಯ ಯಾವ ಗುರುತೂ ಕಾಣದಿರುವುದು – ಇವಕ್ಕೂ ವೈದ್ಯರು ನೋಡಬೇಕು, ಆದರೆ ಅರ್ಧರಾತ್ರಿಯ ಓಟ ಬೇಡ.

ಎಲ್ಲಿಗೆ ಹೋಗುವುದು? 10ರಿಂದ 19 ವರ್ಷದವರಿಗೆಂದೇ 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರ ಕ್ಲಿನಿಕ್ ನಡೆಯುತ್ತದೆ. ಕರ್ನಾಟಕದಲ್ಲಿ ಅದಕ್ಕೆ ‘ಸ್ನೇಹ ಕ್ಲಿನಿಕ್’ ಎನ್ನುತ್ತಾರೆ. ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಹುಡುಗ ವೈದ್ಯರ ಹತ್ತಿರ ಒಬ್ಬನೇ ಐದು ನಿಮಿಷ ಮಾತಾಡಲು ಬಿಟ್ಟು ನೀವು ಹೊರಗೆ ಕೂತಿರಿ. ಮನಸ್ಸಿನ ಕಳವಳ ಕನ್ನಡದಲ್ಲೇ ಹೇಳಿಕೊಳ್ಳಬೇಕೆಂದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ದುಡ್ಡಿಲ್ಲ. ಕನ್ನಡದಲ್ಲಿ ಮಾತಾಡುವ ಆಯ್ಕೆ ಇದೆ.

ಫೋನಿನ ವಿಷಯವೂ ಇದರ ಜೊತೆಗೇ ಬರಲಿ. ಅದರಲ್ಲಿ ಕಾಣುವ ಚಿತ್ರಗಳು ದುಡ್ಡಿಗಾಗಿ ನಟಿಸಿದ್ದು, ಗಂಡು ಹೆಣ್ಣಿನ ಸಂಬಂಧ ಹಾಗಿರುವುದಿಲ್ಲ ಎಂದು ತಿಳಿಸಿ. ತನ್ನದಾಗಲಿ, ಇನ್ನೊಬ್ಬರದಾಗಲಿ, ಖಾಸಗಿ ಫೋಟೋ ಯಾರಿಗೂ ಕಳಿಸಬಾರದು. 18ರೊಳಗಿನವರ ಅಂಥ ಚಿತ್ರ ಇಟ್ಟುಕೊಳ್ಳುವುದು, ಹಂಚುವುದು ಕಾನೂನಿನಲ್ಲಿ ಗಂಭೀರ ಅಪರಾಧ. ಯಾರಾದರೂ ಬೆದರಿಸಿದರೆ ದುಡ್ಡು ಕೊಡದೆ ಮನೆಯಲ್ಲಿ ಹೇಳಬೇಕು. ಸೈಬರ್ ಅಪರಾಧದ ಸಹಾಯವಾಣಿ 1930, ಮಕ್ಕಳ ಸಹಾಯವಾಣಿ 1098. ದೊಡ್ಡವರು ಯಾರೇ ಆಗಲಿ ಮೈಮುಟ್ಟಿ ತೊಂದರೆ ಕೊಟ್ಟರೆ 2012ರ ಪೋಕ್ಸೋ ಕಾಯ್ದೆ ಗಂಡುಮಕ್ಕಳಿಗೂ ಅಷ್ಟೇ ರಕ್ಷಣೆ ಕೊಡುತ್ತದೆ. ಇದನ್ನು ಹುಡುಗರಿಗೆ ಯಾರೂ ಹೇಳಿರುವುದಿಲ್ಲ.

ಮಗಳ ಹತ್ತಿರ ಪಾಂಪ್ಲೆಟ್ ಓದಿಸಿದ್ದಕ್ಕೆ ಸಂಕೋಚಪಡಬೇಡಿ. ತಮ್ಮನಿಗೆ ಆಗುತ್ತಿರುವುದು ಸಹಜ, ಅದನ್ನು ಹಿಡಿದು ಛೇಡಿಸಬಾರದು ಎಂದು ಅವಳಿಗೂ ಒಂದು ಮಾತು ಹೇಳಿ. ಹಾಗೆಯೇ ಅಕ್ಕನ ಮುಟ್ಟಿನ ವಿಷಯ ತಮ್ಮನಿಗೂ ಗೊತ್ತಿರಲಿ. ಪ್ಯಾಡ್ ತರಲು ಅಂಗಡಿಗೆ ಕಳಿಸಿದರೆ ಮುಖ ಸಣ್ಣದು ಮಾಡದೆ ತರುವ ಹುಡುಗ ನಾಳೆ ಒಳ್ಳೆಯ ಗಂಡನೂ ಆಗುತ್ತಾನೆ.

ಇದು ಒಂದು ಸಲ ಹೇಳಿ ಮುಗಿಸುವ ಮಾತಲ್ಲ. 14ಕ್ಕೆ ಬೆಡ್‌ಶೀಟಿನ ಚಿಂತೆ. 16ಕ್ಕೆ ಯಾವುದೋ ಹುಡುಗಿಯ ಚಿಂತೆ, ಅವಳು ಬೇಡ ಅಂದರೆ ಅದನ್ನು ಹೇಗೆ ತಾಳಿಕೊಳ್ಳಬೇಕೆಂಬ ಚಿಂತೆ. ಆಮೇಲೆ ಇನ್ನೂ ದೊಡ್ಡ ಪ್ರಶ್ನೆಗಳಿವೆ. ಇವತ್ತಿನ ಪ್ರಶ್ನೆಗೆ ಬೈಗುಳವಿಲ್ಲದ ಉತ್ತರ ಸಿಕ್ಕಿದರೆ ಅವನ್ನೂ ನಿಮ್ಮ ಹತ್ತಿರವೇ ತರುತ್ತಾನೆ.