ಕೆರೆಗೊಂದು ಪುಟ್ಟ ಮೋಟಾರು: ಬ್ಯಾಟರಿ ಡ್ರಿಲ್‌ನಿಂದ ಮಾಡುವ ಬಗೆ

ತುಮಕೂರು ಸೀಮೆಯ ಕೆರೆಗಳಿಗೆ ಪೇಟೆಯಲ್ಲಿ ಸಿಗುವ ಪೆಟ್ರೋಲ್ ದೋಣಿ ಇಂಜಿನ್ ಒಗ್ಗುವುದಿಲ್ಲ. ಕುಣಿಗಲ್ ದೊಡ್ಡಕೆರೆಯಾಗಲಿ, ಗುಬ್ಬಿ ತಾಲ್ಲೂಕಿನ ಕಡಬ ಕೆರೆಯಾಗಲಿ, ಅಂಚಿನ ಕಡೆ ಮೊಣಕಾಲುದ್ದ ನೀರು, ಕೆಳಗೆ ಹೂಳು, ಮೇಲೆ ಜೊಂಡು. ನೇರವಾಗಿ ಕೆಳಗಿಳಿದ ಪ್ರೊಪೆಲರ್ ಅಲ್ಲಿ ಹೂಳಿಗೆ ಸಿಕ್ಕಿ ನಿಲ್ಲುತ್ತದೆ. ಒಬ್ಬರು ಕೂತು ಬಲೆ ನೋಡಿಕೊಂಡು ಬರುವಷ್ಟು ಓಡಾಟಕ್ಕೆ ಅಷ್ಟು ಶಕ್ತಿಯೂ ಬೇಡ. ಬಡಗಿಗಳ ಕೈಯಲ್ಲಿರುವ 18 ವೋಲ್ಟ್ ಬ್ಯಾಟರಿ ಡ್ರಿಲ್ ಸಾಕು. ಅದರ ಮುಂದೆ ಉದ್ದನೆಯ ರಾಡು, ತುದಿಗೆ ರೆಕ್ಕೆ. ಥಾಯ್ಲೆಂಡಿನವರು ಆಳವಿಲ್ಲದ ಕಾಲುವೆಗಳಲ್ಲಿ ಓಡಿಸುವ ಉದ್ದಬಾಲದ ದೋಣಿಗಳದ್ದೂ ಇದೇ ಉಪಾಯ. ಅವರದು ಕಾರಿನ ಇಂಜಿನ್, ನಮ್ಮದು ಡ್ರಿಲ್. ಕಸ ಎದುರಾದರೆ ಹಿಡಿಕೆಯನ್ನು ಕೆಳಕ್ಕೆ ಒತ್ತಿದರಾಯಿತು, ರೆಕ್ಕೆ ನೀರಿನಿಂದ ಮೇಲೆದ್ದು ಬರುತ್ತದೆ.

ಶುರುಮಾಡುವ ಮುಂಚೆ ಎರಡು ಮಾತು. ವಯರ್ ಇರುವ 230 ವೋಲ್ಟಿನ ಡ್ರಿಲ್ಲನ್ನು ಇನ್ವರ್ಟರ್ ಇಟ್ಟುಕೊಂಡೂ ನೀರಿನ ಹತ್ತಿರ ತರಬೇಡಿ, ಶಾಕ್ ಹೊಡೆದರೆ ಜೀವ ಹೋಗುತ್ತದೆ. ಕಟಿಂಗ್ ಗ್ರೈಂಡರ್ ಕೂಡ ಬೇಡ. ಅದು ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತದೆ, ಆ ವೇಗಕ್ಕೆ ರೆಕ್ಕೆ ನೀರನ್ನು ತಳ್ಳುವ ಬದಲು ಕಲಕಿ ನೊರೆ ಮಾಡುತ್ತದೆ, ರಾಡು ಬಾಗಿ ಬಡಿಯುತ್ತದೆ.

ಹಂತ 1: ಕೆರೆ ಗೊತ್ತುಮಾಡಿಕೊಳ್ಳಿ

ತುಮಕೂರು ನಗರಕ್ಕೆ ಕುಡಿಯುವ ನೀರು ಕೊಡುವ ಬುಗುಡನಹಳ್ಳಿ ಕೆರೆಗೆ ಗ್ರೀಸ್ ಹಚ್ಚಿದ ಯಾವ ಯಂತ್ರವನ್ನೂ ಇಳಿಸಬಾರದು. ಉಳಿದ ಕೆರೆಗಳಲ್ಲಿ ಮೀನು ಗುತ್ತಿಗೆ ಯಾರದು ಎಂದು ಕೇಳಿ, ಅವರ ಬಲೆ ಯಾವ ಕಡೆ ಬಿಟ್ಟಿದೆ ಎಂದು ತಿಳಿದುಕೊಳ್ಳಿ. ಪಂಚಾಯಿತಿಯಲ್ಲೂ ಒಂದು ಮಾತು ಹೇಳಿ ಒಪ್ಪಿಗೆ ಪಡೆಯಿರಿ. ಯಂತ್ರ ಕೂರಿಸಿದ ದೋಣಿಗಳ ನೋಂದಣಿಗೆ 2021ರ ಕೇಂದ್ರ ಕಾಯ್ದೆಯೇ ಇದೆ, ಹಾಗಾಗಿ ಜನರನ್ನು ಕೂರಿಸಿಕೊಂಡು ದುಡ್ಡು ಪಡೆಯುವ ಯೋಚನೆ ಈ ಮೋಟಾರಿನಲ್ಲಿ ಬೇಡವೇ ಬೇಡ.

ತೂಬು ಮತ್ತು ಕೋಡಿಯಿಂದ ದೂರವಿರಿ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ವಿಷಯ ಇನ್ನೂ ಬೇರೆ. ಶಿಂಷಾ ನದಿಗೆ ಕಟ್ಟಿರುವ ಆ ಅಣೆಕಟ್ಟಿನಲ್ಲಿ ಸ್ವಯಂಚಾಲಿತ ಸೈಫನ್‌ಗಳಿವೆ. ನೀರು ಒಂದು ಮಟ್ಟ ಮುಟ್ಟಿದರೆ ಗೇಟು ಎತ್ತುವವರಿಲ್ಲದೆ ತಾವಾಗಿಯೇ ಸೆಳೆದು ಹರಿಸತೊಡಗುತ್ತವೆ. ಆ ಸೆಳೆತಕ್ಕೆ ಎದುರು ನಿಲ್ಲುವ ಶಕ್ತಿ ಡ್ರಿಲ್ಲಿಗಿಲ್ಲ. ಮಳೆಗಾಲದಲ್ಲಿ ಅತ್ತ ಹೋಗಲೇಬೇಡಿ.

ಹಂತ 2: ದೋಣಿ

ದುಂಡನೆ ತೆಪ್ಪಕ್ಕೆ ಈ ಮೋಟಾರು ಹೊಂದುವುದಿಲ್ಲ. ಅಂಚಿನಲ್ಲಿ ತಳ್ಳಿದರೆ ತೆಪ್ಪ ಮುಂದೆ ಹೋಗುವುದಕ್ಕಿಂತ ಹೆಚ್ಚಾಗಿ ನಿಂತಲ್ಲೇ ಸುತ್ತುತ್ತದೆ, ಅದಕ್ಕೆ ಹುಟ್ಟೇ ಸರಿ. ಚಪ್ಪಟೆ ತಳದ 8–10 ಅಡಿ ಉದ್ದದ ಫೈಬರ್ ಅಥವಾ ಮರದ ದೋಣಿ ಒಳ್ಳೆಯದು. ಹಿಂಬದಿಯ ಹಲಗೆ ಗಟ್ಟಿಯಾಗಿರಲಿ, ನೀರಿನಿಂದ ಒಂದಡಿಗಿಂತ ಎತ್ತರವಿರದಿರಲಿ.

ಹಂತ 3: ಸಾಮಾನು

ಡ್ರಿಲ್ ಎರಡು ಗೇರಿನದಾಗಿರಲಿ, ಬ್ಯಾಟರಿ 4 ಆಂಪಿಯರ್-ಅವರ್ ಇದ್ದರೆ ಒಳ್ಳೆಯದು. 18 ವೋಲ್ಟನ್ನು 4ರಿಂದ ಗುಣಿಸಿದರೆ 72 ವಾಟ್-ಅವರ್. ಡ್ರಿಲ್ 150 ವಾಟ್ ಎಳೆದರೆ ಲೆಕ್ಕದಲ್ಲಿ ಅರ್ಧ ಗಂಟೆಗೂ ಕಡಿಮೆ, ಕೆರೆಯಲ್ಲಿ 20 ನಿಮಿಷವೆಂದೇ ನಂಬಿ ಹೊರಡಿ. ಜೊತೆಗೆ 10 ಎಂ.ಎಂ.ನ ಐದು ಅಡಿ ಸ್ಟೀಲ್ ರಾಡು, ಅದು ಒಳಗೆ ಕೂರುವ ಅರ್ಧ ಇಂಚಿನ ಜಿ.ಐ. ಪೈಪು, ಮೂರು ನೈಲಾನ್ ಬುಷ್, ಒಂದು ಕಾಲರ್, ವಾಷರ್‌ಗಳು, ಗ್ರೀಸ್. ಪೈಪು ರಾಡಿಗಿಂತ ಸುಮಾರು ಅರ್ಧ ಅಡಿ ಕಡಿಮೆ ಇರಲಿ, ಒಂದು ತುದಿ ಚಕ್ಕಿಗೆ, ಇನ್ನೊಂದು ರೆಕ್ಕೆಗೆ ಬೇಕು. ಕಬ್ಬಿಣದ ಸಾಮಾನು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಬುಷ್ ಮತ್ತು ಕಾಲರ್ ಮಾತ್ರ ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶದಂಥ ಕಡೆ ಲೇತ್ ಕೆಲಸದವರಿಂದ ಮಾಡಿಸಿಕೊಳ್ಳಿ.

ಹಂತ 4: ರಾಡು ಕೂರಿಸುವುದು

ಇಡೀ ಕೆಲಸದ ಜೀವಾಳ ಇದು, ಅವಸರ ಮಾಡಬೇಡಿ. ಬುಷ್‌ಗಳು ಪೈಪಿನ ಎರಡು ತುದಿಗೆ ಒಂದೊಂದು, ನಟ್ಟನಡುವೆ ಇನ್ನೊಂದು. ನಡುವಿನದನ್ನು ಬಿಟ್ಟರೆ ಏನೂ ಆಗದು ಎಂದು ಲೇತಿನವರೇ ಹೇಳಿಯಾರು, ಒಪ್ಪಬೇಡಿ. ಹತ್ತು ಎಂ.ಎಂ. ರಾಡು ಅಷ್ಟುದ್ದಕ್ಕೆ ಆಧಾರವಿಲ್ಲದೆ ತಿರುಗಿದರೆ ನಿಮಿಷಕ್ಕೆ 500 ಸುತ್ತಿನ ಸುಮಾರಿಗೇ ಹಗ್ಗದಾಟದ ಹಗ್ಗದಂತೆ ಹೊಟ್ಟೆಬಿಟ್ಟು ಪೈಪಿಗೆ ಬಡಿಯತೊಡಗುತ್ತದೆ. ನಡುವೆ ಬುಷ್ ಬಿದ್ದರೆ ಆ ಮಿತಿ ಸುಮಾರು ನಾಲ್ಕು ಪಟ್ಟು ಮೇಲೇರುತ್ತದೆ, ಡ್ರಿಲ್ ಅಷ್ಟು ವೇಗ ಮುಟ್ಟುವುದೇ ಇಲ್ಲ.

ರೆಕ್ಕೆ ನೀರನ್ನು ಹಿಂದಕ್ಕೆ ತಳ್ಳಿದಾಗ ರಾಡು ಮುಂದಕ್ಕೆ, ಡ್ರಿಲ್ಲಿನತ್ತ ನೂಕುತ್ತದೆ. ಆ ನೂಕು ಪೈಪಿಗೆ ಬೀಳುವಂತೆ, ರೆಕ್ಕೆ ಕಡೆಯ ಬುಷ್‌ನ ಹೊರಗೆ ರಾಡಿಗೆ ಕಾಲರ್ ಬಿಗಿದು ನಡುವೆ ವಾಷರ್ ಹಾಕಿ. ಡ್ರಿಲ್ ಹ್ಯಾಮರ್ ಗುರುತಿನಲ್ಲಿ ಇರಲೇಬಾರದು.

ಹಂತ 5: ರೆಕ್ಕೆ

ಟೇಬಲ್ ಫ್ಯಾನಿನ ಪ್ಲಾಸ್ಟಿಕ್ ರೆಕ್ಕೆ ಬೇಡ, ನೀರಿನ ಭಾರಕ್ಕೆ ಮುರಿಯುತ್ತದೆ. ಎರಡು ಎಂ.ಎಂ. ಸ್ಟೀಲ್ ಶೀಟಿನಲ್ಲಿ ಮೂರು ಎಲೆ ಕತ್ತರಿಸಿ, ನಡುವಿನ ಬುಡಕ್ಕೆ ವೆಲ್ಡ್ ಮಾಡಿಸಿ. ಒಟ್ಟು ಅಗಲ 6 ಇಂಚು. ಬುಡದಲ್ಲಿ ಹೆಚ್ಚು ಓರೆ, ತುದಿಗೆ ಹೋದಂತೆ ಕಡಿಮೆ, ತುದಿಯ ಹತ್ತಿರ 20 ಡಿಗ್ರಿ ಇದ್ದರೆ ಸಾಕು. ಅಂಚುಗಳನ್ನು ಅರದಿಂದ ಉಜ್ಜಿ ಮೊಂಡು ಮಾಡಿ.

ಓರೆ ಯಾವ ಕಡೆಗೆ ಎಂಬುದನ್ನು ವೆಲ್ಡಿಂಗಿನವರಿಗೆ ಬಿಡಿಸಿ ಹೇಳಬೇಕು. ಡ್ರಿಲ್ ತೂತು ಕೊರೆಯುವ ದಿಕ್ಕಿನಲ್ಲೇ ತಿರುಗುವಾಗ ನೀರು ಡ್ರಿಲ್ಲಿನಿಂದ ದೂರ ಹೋಗಬೇಕು. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಪ್ರೊಪೆಲರ್‌ಗಳು ಹೆಚ್ಚಾಗಿ ಇದಕ್ಕೆ ತಿರುಗುಮುರುಗಾಗಿರುತ್ತವೆ, ಅವಕ್ಕೆ ಡ್ರಿಲ್ಲನ್ನು ರಿವರ್ಸಿನಲ್ಲಿ ಓಡಿಸಬೇಕಾಗುತ್ತದೆ, ಆಗ ಚಕ್ ಸಡಿಲವಾಗುವ ಭಯವಿದೆ.

ರೆಕ್ಕೆಯ ಬುಡ ಮತ್ತು ರಾಡಿಗೆ ಅಡ್ಡಲಾಗಿ ತೂತು ಕೊರೆದು ಮೆತ್ತನೆ ಹಿತ್ತಾಳೆಯ ಪಿನ್ ಹಾಕಿ. ಕಲ್ಲಿಗೋ ಬೇರಿಗೋ ತಾಗಿದರೆ ಪಿನ್ ತುಂಡಾಗುತ್ತದೆ, ಡ್ರಿಲ್ಲಿನ ಗೇರು ಉಳಿಯುತ್ತದೆ. ನಾಲ್ಕು ಪಿನ್ ಜೇಬಿನಲ್ಲಿ ಇಟ್ಟುಕೊಳ್ಳಿ.

ಹಂತ 6: ದೋಣಿಗೆ ಕೂರಿಸುವುದು

ಹಿಂಬದಿ ಹಲಗೆಯ ಮೇಲೆ ಎಡಬಲಕ್ಕೂ ಮೇಲೆಕೆಳಗೂ ಆಡುವ ಕೊಂಡಿ ಬೇಕು. ಒಂದು ನಿಲುವಿನ ಬೋಲ್ಟು, ಅದರ ಮೇಲೆ ಪೈಪನ್ನು ಅಡ್ಡ ಬೋಲ್ಟಿನಲ್ಲಿ ಹಿಡಿದ ಯು ಆಕಾರದ ಪಟ್ಟಿ, ಅಷ್ಟೇ. ಡ್ರಿಲ್ ಕಡೆ ಒಂದಡಿ ಒಳಗೆ, ಉಳಿದದ್ದು ನೀರಿನತ್ತ. ಡ್ರಿಲ್ಲಿನ ಮೈ ತಾನೇ ತಿರುಗದಂತೆ ಪೈಪಿಗೆ ಒಂದು ಪಟ್ಟಿಯಿಂದ ಬಿಗಿಯಿರಿ. ನೀರಿಗೆ ಬೀಳದಂತೆ ಅದಕ್ಕೊಂದು ಹಗ್ಗವನ್ನೂ ಕಟ್ಟಿ.

ಟ್ರಿಗರಿನ ವಿಷಯದಲ್ಲಿ ನನ್ನದು ಹಟವೇ. ಒತ್ತಿ ಒತ್ತಿ ಬೆರಳು ನೋಯುತ್ತದೆಂದು ಟ್ರಿಗರಿಗೆ ವಯರ್ ಸುತ್ತಿ ಬಿಡುವವರಿದ್ದಾರೆ. ನೀವು ಆಯತಪ್ಪಿ ನೀರಿಗೆ ಬಿದ್ದರೆ ಆ ದೋಣಿ ನಿಮ್ಮನ್ನು ಬಿಟ್ಟು ಹೋಗುತ್ತದೆ, ಇಲ್ಲವೇ ತಿರುಗುವ ರೆಕ್ಕೆಯೊಂದಿಗೆ ನಿಮ್ಮ ಮೇಲೆಯೇ ಬರುತ್ತದೆ. ಬೆರಳಿಗೆ ಕಷ್ಟವಾದರೆ ಸೈಕಲ್ಲಿನ ಬ್ರೇಕ್ ಹಿಡಿಕೆಯನ್ನೂ ಕೇಬಲ್ಲನ್ನೂ ತಂದು ಟ್ರಿಗರನ್ನು ಎಳೆಯುವಂತೆ ಜೋಡಿಸಿ. ಕೈ ಬಿಟ್ಟ ಕೂಡಲೇ ಮೋಟಾರು ನಿಲ್ಲಬೇಕು.

ಹಂತ 7: ದಡದಲ್ಲೇ ಪರೀಕ್ಷೆ

ದೋಣಿಯನ್ನು ನೀರಿನಲ್ಲಿಟ್ಟು ದಡದ ಗೂಟಕ್ಕೆ ಕಟ್ಟಿ, ಹಗ್ಗದ ನಡುವೆ ಸ್ಪ್ರಿಂಗ್ ತಕ್ಕಡಿ ಸೇರಿಸಿ. ಕ್ಲಚ್ ಉಂಗುರವನ್ನು ದೊಡ್ಡ ಅಂಕಿಗೆ ತಿರುಗಿಸಿ, ಮೊದಲ ಗೇರಿನಲ್ಲಿ ನಿಧಾನವಾಗಿ ಒತ್ತಿ, ಆಮೇಲೆ ಎರಡನೆಯದು. ತಕ್ಕಡಿ 3 ಕೆಜಿ ತೋರಿಸಿದರೆ ನಿಂತ ನೀರಿನಲ್ಲಿ ಒಬ್ಬರು ನಡಿಗೆಯ ವೇಗದಲ್ಲಿ ಹೋಗಬಹುದು. ಐದು ನಿಮಿಷದ ಬಳಿಕ ಡ್ರಿಲ್ಲಿನ ಮೈ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಕಾದಿದ್ದರೆ ಗೇರು ಇಳಿಸಿ, ಆಗಲೂ ಕಾದರೆ ಎಲೆಗಳ ತುದಿಯನ್ನು ಅರ್ಧ ಇಂಚು ಕತ್ತರಿಸಿ.

ಹಂತ 8: ಮೊದಲ ಓಟ

ಲೈಫ್ ಜಾಕೆಟ್ ತೊಡಿ, ಈಜು ಬಂದರೂ ತೊಡಿ. ಹುಟ್ಟು ಅಥವಾ ಜಲ್ಲೆ ದೋಣಿಯಲ್ಲೇ ಇರಲಿ, ದಡದಲ್ಲಿ ಒಬ್ಬರು ನಿಂತಿರಲಿ. ಗಾಳಿ ಬೀಸುವ ಕಡೆಗೆ ಎದುರಾಗಿ ಮೊದಲು ಹೋಗಿ, ಬ್ಯಾಟರಿ ಮುಗಿದರೆ ಗಾಳಿಯೇ ಹಿಂದಕ್ಕೆ ತರುತ್ತದೆ. ಬ್ಯಾಟರಿಯ ದೀಪಗಳಲ್ಲಿ ಅರ್ಧ ಆರಿದ ಕೂಡಲೇ ತಿರುಗಿ. ಬಲೆಯ ಬೆಂಡು ಕಂಡರೆ ರೆಕ್ಕೆ ಎತ್ತಿ ಹುಟ್ಟು ಹಾಕಿ. ಸುತ್ತಿಕೊಂಡ ಕಸ ಬಿಡಿಸುವ ಮುನ್ನ ಬ್ಯಾಟರಿಯನ್ನು ಡ್ರಿಲ್ಲಿನಿಂದ ತೆಗೆದಿಡಬೇಕು, ಪ್ರತಿ ಸಲವೂ.

ಮನೆಗೆ ಬಂದ ಮೇಲೆ ರಾಡು ಎಳೆದು ಒರೆಸಿ, ಬುಷ್‌ಗಳಿಗೆ ಗ್ರೀಸ್ ತುಂಬಿ. ಬ್ಯಾಟರಿ ನೀರಿಗೆ ಬಿದ್ದಿದ್ದರೆ ಒಣಗಿದಂತೆ ಕಂಡರೂ ಚಾರ್ಜಿಗೆ ಹಾಕಬೇಡಿ, ಮನೆಯೊಳಗೂ ಇಡಬೇಡಿ, ಕಂಪನಿಯ ಸರ್ವಿಸ್‌ನವರಿಗೆ ಒಪ್ಪಿಸಿ.